ತಾಟಿನ ಮೇಲಿನ ಎರಡನೇ ಹಕ್ಕಿ

"ಯಾವ ಪುಣ್ಯಾತ್ಮರು ಇದಕ್ಕೆ ಸೂಪರ್ ಗ್ಲೂ ಹಾಕಿದ್ದು?"

ನಮಸ್ಕಾರವಿಲ್ಲ, ಕೂತ್ಕೊಳ್ಳಿ ಅನ್ನುವ ಮಾತಿಲ್ಲ. ಇದೇ ಅವನ ಮೊದಲ ಮಾತು!

ಪ್ರತೀಕ್ಷಾಳ ಕಿವಿ ಕೆಂಪಾದವು. ಲಂಡನ್ನಿನ ಆ ತುದಿಯ ಕ್ರೋಯ್ಡನ್ನಿನಿಂದ ರೈಲು ಬದಲಿಸಿ ಬದಲಿಸಿ, ಆ ಪಿಂಗಾಣಿ ತಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಈಸ್ಟ್ ಹ್ಯಾಮ್‌ನಲ್ಲಿ, ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಒಡೆದ ಪಿಂಗಾಣಿ ಜೋಡಿಸುವ ಆತ್ರೇಯ ಎಂಬ ಕನ್ನಡದವನೊಬ್ಬ ಇದ್ದಾನೆ ಎಂದು ಯಾರೋ ಹೇಳಿದ್ದರು. ಹೀಗೆ ಗದರಿಸುತ್ತಾನೆ ಎಂದು ಯಾರೂ ಹೇಳಿರಲಿಲ್ಲ.

"ನಾನೇ ಹಾಕಿದ್ದು! ಏನೀಗ?"

"ಏನಿಲ್ಲ. ಒಡೆದಿದ್ದು ಕೈಜಾರಿ ಇರಬಹುದು. ಅಂಟಿಸಿದ್ದು ಮಾತ್ರ ಕೊಲೆ."

"ರೀ ಮಿಸ್ಟರ್! ಸರಿಮಾಡೋಕೆ ಬರುತ್ತೋ ಇಲ್ವೋ, ಅಷ್ಟು ಹೇಳಿ."

ಆತ್ರೇಯ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಅವನಿಗೆ ನಗು ಬಂತು. ಆ ನಗು ಅವಳ ಸಿಟ್ಟನ್ನು ಇನ್ನಷ್ಟು ಏರಿಸಿತು...

"ಬರುತ್ತೆ. ಎರಡು ತಿಂಗಳು ಬೇಕು. ಇದೇನು ಅಂತ ಗೊತ್ತಾ ನಿಮಗೆ?"

ಗೊತ್ತಿಲ್ಲದೆ ಏನು! ವಿಜಯಪುರದ ನಾಗಲಿಂಗಪ್ಪ, ಅಂದರೆ ಅವಳ ಅಜ್ಜ, ಮುತ್ಯಾ, ಮದುವೆಯಾದ ಹೊಸತರಲ್ಲಿ ಬೆಳಗಾವಿ ಕ್ಯಾಂಪಿನ ಹಳೆಸಾಮಾನಿನ ಅಂಗಡಿಯಿಂದ ಹೆಂಡತಿಗೆಂದು ತಂದ ತಾಟು ಅದು. ಹೆಂಡತಿ ಪಾರ್ವತೆವ್ವ, ಪ್ರತೀಕ್ಷಾಳನ್ನು ಕಥೆ ಹೇಳಿ ಹೇಳಿ ಬೆಳೆಸಿದ ಆಯಿ. ಮುತ್ಯಾ ಹೋಗಿ ಒಂದು ವರ್ಷವಾಗುತ್ತ ಬಂದಿತ್ತು. ಮೊದಲ ಪುಣ್ಯಸ್ಮರಣೆಯ ದಿನ ಅವರ ಫೋಟೋದ ಮುಂದೆ ಆ ತಾಟನ್ನು ಇಡಬೇಕೆಂಬುದು ಆಯಿಯ ಒಂದೇ ಆಸೆ. ಅದನ್ನೇ ತೊಳೆಯುವಾಗ ಎರಡು ಹೋಳು ಮಾಡಿದವಳು ಪ್ರತೀಕ್ಷಾ!

"ಇದು ಚೀನಾದ್ದು," ಎಂದ ಆತ್ರೇಯ. ಅವನ ದನಿ ತಟ್ಟನೆ ಮೆತ್ತಗಾಗಿತ್ತು. "ಅಂಚಿನಲ್ಲಿರೋ ಪಿಯೋನಿ ಹೂವು ಸಿರಿತನಕ್ಕೆ. ಆ ಪೀಚ್ ಹಣ್ಣು ದೀರ್ಘಾಯುಷ್ಯಕ್ಕೆ. ನಡುವೆ ತಾವರೆ ಕೊಳ, ಕಾಯಿತುಂಬಾ ಬೀಜ, ಅಂದ್ರೆ ಮಕ್ಕಳುಮರಿ. ಕೊಳದಲ್ಲಿ ಗಂಡು ಹೆಣ್ಣು ಬಾತುಗಳ ಜೋಡಿ. ಒಂದನ್ನೊಂದು ಬಿಟ್ಟಿರಲ್ಲ ಅಂತ ಅವರ ನಂಬಿಕೆ. ಮದುವೆ ಹುಡುಗಿಗೆ ಕೊಡೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ... ಆದ್ರೆ ಇಲ್ಲಿ ಗಂಡುಹಕ್ಕಿನೇ ಇಲ್ಲ!"

ಇರಲಿಲ್ಲ. ಕಂದು ಬಣ್ಣದ ಹೆಣ್ಣುಹಕ್ಕಿ ಒಂದೇ ಕತ್ತು ತಿರುಗಿಸಿ ಖಾಲಿ ಬಿಳುಪನ್ನು ನೋಡುತ್ತಿತ್ತು.

"ಅದು ಹಾರಿಹೋಗಿದೆ," ಎಂದಳು ಪ್ರತೀಕ್ಷಾ.

"ಏನು?"

"ಏಳು ಸಮುದ್ರದಾಚೆ ಹೆಂಡ್ತಿಗೆ ಮುತ್ತು ತರೋಕೆ ಹೋಗಿದೆ. ಬರುತ್ತೆ. ನಾನು ಮೂರು ವರ್ಷದವಳಿದ್ದಾಗಿಂದ ಆಯಿ ಹೇಳೋ ಕಥೆ. ಏನು ಬೇಕಾದ್ರೂ ಜೋಡಿಸಿ, ಆ ಖಾಲಿ ಜಾಗ ಮಾತ್ರ ಮುಟ್ಟಬೇಡಿ. ಮಾತು ಕೊಡಿ."

ಆತ್ರೇಯ ಈ ಸಲ ನಗಲಿಲ್ಲ. "ಕೊಟ್ಟೆ."

* * *

ಆಮೇಲೆ ಶನಿವಾರಗಳು ಬೇಗ ಬೇಗ ಬಂದವು. ಸಟನ್ನಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಪ್ರತೀಕ್ಷಾಗೆ ವಾರವಿಡೀ ಬೇರೆಯವರ ಮೂಳೆಗಳದೇ ಚಿಂತೆ. ಶನಿವಾರ ಮಾತ್ರ ಡಿಸ್ಟ್ರಿಕ್ಟ್ ಲೈನ್ ರೈಲು, ಎದುರಿನ ಹೋಟೆಲಿನ ದೋಸೆ, ಮತ್ತು ಜಗಳ. ಅಂಟು ಒಣಗಿದ್ದು ಸಾಕಾ ಎಂದು ಜಗಳ. ಚಟ್ನಿಗೆ ಬೆಲ್ಲ ಹಾಕುವ ಅವನ ಬೆಂಗಳೂರಿನವರ ಬಗ್ಗೆ ಜಗಳ.

ಎರಡು ಸಲ ಆಯಿಯೂ ಕೋಲೂರಿಕೊಂಡು ಬಂದಳು.

"ಆತ್ರೇಯಪ್ಪಾ, ನಮ್ಮ ಕಡೆ ಹೆಣಮಕ್ಕಳು ಸುಮ್ಮಸುಮ್ಮನ ಗಂಡನ ಹೆಸರ ಹೇಳೂದಿಲ್ಲ. ಒಡಪು ಕಟ್ಟಿ, ಹಾಡಿನಂಗ ಹೇಳತೀವಿ. ಇಕೀಗೂ ಕಲಸೀನಿ. ಹೇಳಾಕ ಹೆಸರ ಸಿಗವಲ್ದು, ನೋಡು!"

"ಆಯೀ!" ಎಂದು ಪ್ರತೀಕ್ಷಾ ಕಣ್ಣು ಬಿಟ್ಟಳು.

ಆಯಿ ಸೀರೆ ನೋಡಲು ಕೆಳಗಿನ ಅಂಗಡಿಗೆ ಇಳಿದ ಮೇಲೆ ಆತ್ರೇಯ ಕುಂಚ ತೊಳೆಯುತ್ತ ಹೇಳಿದ: "ಅದಕ್ಕೇ ಇರಬೇಕು. ನೀವು ಇವತ್ತಿನವರೆಗೂ ನನ್ನ ಹೆಸರು ಹಿಡಿದು ಕರೆದಿಲ್ಲ. ಬರೀ 'ರೀ ಮಿಸ್ಟರ್'."

ಅವಳು ಕಿಟಕಿಯಾಚೆ ನೋಡಿದಳು. ಎದೆ ಮಾತ್ರ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು... ಅಯ್ಯೋ ದೇವರೇ, ಇವನಿಗೆ ಕೇಳಿಸಿದರೆ!

* * *

ಪುಣ್ಯಸ್ಮರಣೆ ಭಾನುವಾರ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಓಡಿಬಂದ ಪ್ರತೀಕ್ಷಾ ಮೇಜಿನ ಮೇಲಿನ ಬಟ್ಟೆ ಸರಿಸಿದಳು.

ತಟ್ಟೆ ಇಡಿಯಾಗಿತ್ತು. ಒಡಕು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ...

ಕೊಳದಲ್ಲಿ ಎರಡು ಹಕ್ಕಿಗಳಿದ್ದವು!

ಕಿತ್ತಳೆ ರೆಕ್ಕೆ, ನೀಲಿ ಎದೆ, ನೆತ್ತಿಯ ಮೇಲೆ ಹಸಿರು ಜುಟ್ಟು. ಮಿರಮಿರನೆ ಮಿಂಚುವ ಗಂಡುಹಕ್ಕಿ.

"ಇದು ಯಾರು?" ಅವಳು ಆತ್ರೇಯನ ಕಡೆ ತಿರುಗಿದಳು.

"ಪ್ರತೀಕ್ಷಾ, ಸ್ವಲ್ಪ ಕೇಳಿ..."

"ಯಾರ ಹೇಳಿದ್ರು ನಿಮಗ ಇದನ್ನ ಬರೀಲಿಕ್ಕೆ?" ಸಿಟ್ಟು ನೆತ್ತಿಗೇರಿದಾಗ ಅವಳ ಬಾಯಲ್ಲಿ ಆಯಿಯ ಭಾಷೆಯೇ ಬರುತ್ತಿತ್ತು. "ಮುಟ್ಟಬ್ಯಾಡ್ರಿ ಅಂದಿದ್ದೆ. ಮಾತು ಕೊಟ್ಟಿದ್ರಿ ನೀವು!"

"ಕೊಟ್ಟಿದ್ದೆ. ಆದ್ರೆ ಇನ್ನೊಬ್ಬರಿಗೂ ಕೊಟ್ಟೆ. ಯಾರಿಗೆ ಅಂತ ಈಗ ಹೇಳೋ ಹಾಗಿಲ್ಲ."

"ಎಷ್ಟ ಮಂದಿಗೆ ಮಾತ ಕೊಡ್ತೀರಿ? ಕೌನ್ಸಿಲರ್ ಎಲೆಕ್ಷನ್ನಿಗೆ ನಿಂತೀರೇನು?"

"ಈ ತಟ್ಟೆ ನಿಮ್ಮದಲ್ಲ, ಪ್ರತೀಕ್ಷಾ!"

ಅಷ್ಟು ಸಾಕಿತ್ತು. ಕಣ್ಣೀರು ಮತ್ತು ಕೋಪ ಒಟ್ಟಿಗೇ ಉಕ್ಕಿದವು. ನನ್ನ ಬಾಲ್ಯದ ಕಥೆಯ ಮೇಲೆ ಬಣ್ಣ ಬಳಿದುಬಿಟ್ಟನಲ್ಲ ಇವನು! ಇಪ್ಪತ್ತೇಳು ವರ್ಷ ಕಾದ ಹಕ್ಕಿ ಹೀಗೆ ಸುಳ್ಳುಸುಳ್ಳೇ ಬರಬೇಕಾ?

ಆತ್ರೇಯನ ಮುಖವೂ ಬಿಗಿಯಿತು. ಕಪಾಟಿನಿಂದ ಸಣ್ಣ ಬಾಟಲಿ ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಅವಳ ಕೈಗೆ ಕೊಟ್ಟ.

"ಅಸಿಟೋನ್. ಹಳೆಯ ಬಣ್ಣ ಬೆಂಕಿಯಲ್ಲಿ ಬೆಂದಿದ್ದು, ಇದಕ್ಕೆ ಜಗ್ಗಲ್ಲ. ನಾನು ಹಚ್ಚಿದ್ದು ಮಾತ್ರ ಹೋಗುತ್ತೆ. ಯಾವತ್ತಾದ್ರೂ ತೆಗೆಯೋಕೆ ಬರೋ ಹಾಗೇ ಹಚ್ಚಬೇಕು, ಅದು ನಮ್ಮ ಕೆಲಸದ ನೇಮ. ಬೇಡ ಅನ್ಸಿದ್ರೆ ಒರೆಸಿಬಿಡಿ."

ಒರೆಸಲಾರಳು ಎಂದುಕೊಂಡಿದ್ದನೇನೋ. ಅವಳು ಒರೆಸಿದಳು! ಜುಟ್ಟು ಹೋಯಿತು. ನೀಲಿ ಎದೆ ಹೋಯಿತು. ಐದು ದಿನದ ಕೆಲಸ ಹತ್ತಿಯ ತುದಿಯಲ್ಲಿ ಕಿತ್ತಳೆ ಕಲೆಯಾಗಿ ಉಳಿಯಿತು.

"ಸಮಾಧಾನ ಆಯ್ತಾ?" ಎಂದು ಅವನು ತಣ್ಣಗೆ ಕೇಳಿದ.

"ಆತು. ನಿಮ್ಮ ಮುಖ ಇನ್ನೊಂದ ಸಲ ನೋಡೂದಿಲ್ಲ!"

ತಟ್ಟೆಯನ್ನು ಎದೆಗವಚಿಕೊಂಡು ಅವಳು ಮೆಟ್ಟಿಲಿಳಿದಳು.

* * *

ಮನೆಯಲ್ಲಿ ಆಯಿ ತಟ್ಟೆಯನ್ನು ದೀಪದ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಹುಡುಕಿದಳು. ಮತ್ತೆ ಹುಡುಕಿದಳು.

"ಹಕ್ಕಿ ಎಲ್ಲೈತಿ?"

"ಒರಿಸಿಬಿಟ್ಟೆ, ಆಯಿ! ಎಷ್ಟ ಧೈರ್ಯ ಅವರಿಗೆ? ನಮ್ಮ ಕಥಿ ಮ್ಯಾಲೆ..."

"ಬರದಿದ್ನಾ? ಬರದಿದ್ದನ್ನ ಒರಿಸಿದ್ಯಾ?" ಆಯಿ ತಟ್ಟೆಯನ್ನು ಕೆಳಗಿಟ್ಟಳು. "ನಾನ ಹೇಳಿದ್ನೆವ್ವಾ ಬರೀ ಅಂತ! ನೀ ಕಾಫಿ ತರಾಕ ಕೆಳಗ ಹೋಗಿದ್ದಿ ನೋಡು, ಆವಾಗ. ಆಕಿಗಿ ಹೇಳಬ್ಯಾಡ, ಐತಾರ ಮುತ್ಯಾನ ಫೋಟೋ ಮುಂದ ನಾನ ಹೇಳತೀನಿ ಅಂತ ಆಣಿ ಹಾಕ್ಸಿದ್ನಿ."

"ಯಾಕ, ಆಯಿ? ಹಕ್ಕಿ ತಾನ ಬರತೈತಿ ಅಂತಿದ್ದೆಲ್ಲ..."

"ಹಾರಿಹೋಗಿದ್ರ ಬರತಿತ್ತು!" ಎಂಬತ್ತೆರಡರ ಆಯಿ ಒಮ್ಮೆಲೆ ಕೂಗಿದಳು. "ಹಾರಲಿಲ್ಲ ಅದು. ನಾ ಅಳಸೀನಿ. ಮದುವ್ಯಾದ ಎರಡ ವರ್ಷಕ್ಕ ನಿಮ್ಮ ಮುತ್ಯಾ ಈ ಲಂಡನ್ನಿಗಿ ಬಂದ್ರು. ಆರ ತಿಂಗಳಾಗ ಕರಸ್ಕೋತೀನಿ ಅಂದವರು ಏಳ ವರ್ಷ ಕರೀಲಿಲ್ಲ. ದಿನಾ ಮುಂಜಾನೆ ಬಚ್ಚಲದಾಗ ಕುಂತು, ಹುಣಸಿಹಣ್ಣು ಬೂದಿ ಹಚ್ಚಿ, ಆ ಗಂಡುಹಕ್ಕಿ ಒಂದನ್ನ ತಿಕ್ಕತಿದ್ನಿ. ಹೋಗು, ನೀನೂ ಹೋಗು ಅಂತ. ಒಂದಿನ ನೋಡತೀನಿ, ಖರೇನ ಹೋಗಿತ್ತು..."

ಪ್ರತೀಕ್ಷಾ ತಟ್ಟೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಮುತ್ಯಾಗ ಗೊತ್ತಿತ್ತೇನು?"

"ಐವತ್ತ ವರ್ಷ ಹಬ್ಬಹಬ್ಬಕ್ಕ ಅದರಾಗ ಉಂಡಾರ. ಖಾಲಿ ಜಾಗಾ ನೋಡಕೋತ ಉಂಡಾರ. ಒಂದ ದಿನಾ ಕೇಳಲಿಲ್ಲ. ಸಿಟ್ಟ ಎಂದೋ ಹೋಗಿತ್ತು, ಆದ್ರ ನಾನೂ ಬಾಯಿಬಿಟ್ಟ ಹೇಳಲಿಲ್ಲ. ಈಗ ಹೇಳೂಣಂದ್ರ ಅವರೇ ಇಲ್ಲ." ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗ ಏಳ ವರ್ಷ ಹಿಡೀತು. ನೀ ಒಂದ ಸಂಜಿಗೆ ಮುಗಿಸಿ ಬಂದಿ. ನನಗಿಂತ ಶಾಣ್ಯಾಕಿ!"

ಆ ಮಾತು ಪ್ರತೀಕ್ಷಾಳ ಎದೆಗೆ ಮುಳ್ಳಿನಂತೆ ಚುಚ್ಚಿತು.

* * *

ಶನಿವಾರ ಬೆಳಗ್ಗೆ ಸೀರೆ ಅಂಗಡಿಯ ಷಟರ್ ಮೇಲೇರುವ ಮೊದಲೇ ಅವಳು ಅವನ ಬಾಗಿಲು ಬಡಿದಳು.

"ಮುಖ ನೋಡಲ್ಲ ಅಂದಿದ್ರಿ," ಎಂದ ಆತ್ರೇಯ. ಕಣ್ಣು ಕೆಂಪಾಗಿದ್ದವು. ಬಾಗಿಲು ಅರ್ಧವೇ ತೆರೆದಿತ್ತು.

"ಆಯಿ ಎಲ್ಲಾ ಹೇಳಿದ್ಲು. ನೀವ್ಯಾಕೆ ನಂಗೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ..."

"ಅವರು ಐವತ್ತು ವರ್ಷ ಯಾರಿಗೂ ಹೇಳದೇ ಇದ್ದಿದ್ದನ್ನ ನಾನು ಎರಡು ನಿಮಿಷದಲ್ಲಿ ಹೇಳಿಬಿಡಬೇಕಿತ್ತಾ? ನಿಮ್ಮ ಸಿಟ್ಟಿಗೆ ಹೆದರಿ?" ಅವನ ದನಿ ಏರಿತು. "ನನಗೂ ಸಿಟ್ಟು ಬರುತ್ತೆ, ಪ್ರತೀಕ್ಷಾ! ಆ ಹಕ್ಕಿಯ ಒಂದೊಂದು ಗರಿಗೂ ಎಷ್ಟು ಹೊತ್ತು ಹಿಡೀತು ಗೊತ್ತಾ? ಒರೆಸುವಾಗ ಒಂದು ಸಲ ನನ್ನ ಕಡೆ ನೋಡಲಿಲ್ಲ ನೀವು!"

"ಬೈರಿ. ಇನ್ನೂ ಬೈರಿ."

"ಬೈದು ಆಯ್ತು. ಈಗ ಏನು ಬೇಕು?"

ಏನು ಬೇಕು? ಹಕ್ಕಿಯಾ? ಕ್ಷಮೆಯಾ? ಇಲ್ಲ... ಇವನೇ ಬೇಕು! ಆದರೆ ಬಾಯಿ ಬರುತ್ತಿಲ್ಲವಲ್ಲ...

ಅವಳು ಒಳಗೆ ನುಗ್ಗಿ, ಮೇಜಿನ ಮೇಲೆ ತಟ್ಟೆಯಿಟ್ಟು, ಆಯಿ ಕಲಿಸಿದ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕಣ್ಣು ಮುಚ್ಚಿಕೊಂಡಳು.

"ತಾವರಿ ಕೆರ್ಯಾಗ ಜೋಡಿಹಕ್ಕಿ, ಒಂದನ್ನ ಅಳಿಸಿತ್ತ ಸಿಟ್ಟು,
ತಪ್ಪಾತಂತ ಬಂದೀನಿ ನಾ ಬಿಗುಮಾನ ಬದಿಗಿಟ್ಟು,
ಆತ್ರೇಯ ರಾಯರ ಹೆಸರ ಹೇಳತೀನಿ ಪಿಂಗಾಣಿ ತಾಟ ಮುಂದಿಟ್ಟು!"

ಒಂದು ಕಣ್ಣು ತೆರೆದು ನೋಡಿದಳು. ಅವನು ಗೋಡೆಗೊರಗಿ ನಿಂತಿದ್ದ. ಸಿಟ್ಟು ಎಲ್ಲಿ ಹೋಯಿತೋ!

"ಒಡಪು ಯಾರ ಹೆಸರಿಗೆ ಹೇಳ್ತಾರೆ ಅಂತ ನಿಮ್ಮ ಆಯಿ ನನಗೂ ಹೇಳಿದ್ದಾರೆ," ಎಂದ ನಿಧಾನವಾಗಿ.

"ಗೊತ್ತು. ಗೊತ್ತಿದ್ದೇ ಹೇಳೀನಿ."

ಆತ್ರೇಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. "ಇಲ್ಲಿ ನೋಡಿ. ಬಣ್ಣ ಹೋದ ಕಡೆ ಹೊಳಪು ಮಂಕಾಗಿದೆ."

ಬಿಳುಪಿನ ಮೇಲೆ ಒಂದು ಕತ್ತು, ಮಡಚಿದ ರೆಕ್ಕೆ... ಉಸಿರಿನಷ್ಟು ತೆಳುವಾಗಿ ಕಂಡವು.

"ಏಳು ವರ್ಷ ತಿಕ್ಕಿದ್ರೂ ಪೂರ್ತಿ ಹೋಗಿಲ್ಲ. ನಾನು ಹೊಸದೇನೂ ಬರೆದಿರಲಿಲ್ಲ, ಇದರ ಮೇಲೇ ಬಣ್ಣ ತುಂಬಿದ್ದೆ. ಈ ಸಲ ನಾನು ತುಂಬಲ್ಲ." ಅವನು ಕುಂಚವನ್ನು ಅವಳ ಬೆರಳುಗಳ ನಡುವೆ ಇಟ್ಟು, ಮಣಿಕಟ್ಟನ್ನು ಮೆಲ್ಲಗೆ ಹಿಡಿದ. "ನೀವು ತುಂಬಿ. ಕೈ ನಡುಗದ ಹಾಗೆ ನಾನು ನೋಡ್ಕೋತೀನಿ."

ಆದರೆ ನಡುಗುತ್ತಿದ್ದುದು ಅವನ ಕೈಯೇ!

* * *

ಭಾನುವಾರ ಆಯಿ ತಾಟಿನ ತುಂಬ ಮಲ್ಲಿಗೆ ಇಟ್ಟಳು. ಎರಡು ಹಕ್ಕಿಗಳ ಜಾಗವನ್ನು ಮಾತ್ರ ಬಿಟ್ಟಳು. ಹೊಸ ಹಕ್ಕಿಯ ಜುಟ್ಟು ಸ್ವಲ್ಪ ಸೊಟ್ಟಗಿತ್ತು.

ಮುತ್ಯಾನ ಫೋಟೋದ ಮುಂದೆ ಅದನ್ನಿಟ್ಟು, ಸೆರಗು ಹೊದ್ದು, ಗಂಡನ ಕಣ್ಣನ್ನೇ ನೋಡುತ್ತ ಹೇಳಿದಳು: "ಸಿಟ್ಟ ಇಳದೈತಿ. ಬರ್ರಿ, ಕುಂದರ್ರಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರತೀಕ್ಷಾಳ ಕಣ್ಣು ತುಂಬಿದವು. ಪಕ್ಕದಲ್ಲಿದ್ದವನು ಕಿವಿಯ ಬಳಿ ಬಗ್ಗಿದ.

"ಮುಂದೆ ನಿನಗೆ ಮತ್ತೆ ಸಿಟ್ಟು ಬಂದ್ರೆ?"

"ಬರತೈತಿ. ಬರದಂಗ ಇರತೈತೇನು?"

"ಹಾಗಾದ್ರೆ ಅಸಿಟೋನ್ ಬಾಟಲಿ ಬಚ್ಚಿಡ್ತೀನಿ."

"ಬ್ಯಾಡ, ಅಲ್ಲೇ ಇರಲಿ," ಎಂದು ಅವಳು ಅವನ ಕಿರುಬೆರಳು ಹಿಡಿದಳು. "ಪಕ್ಕದಾಗ ಕುಂಚಾನೂ ಇಡ್ರಿ... ಆತ್ರೇಯ."