ಗಾಳಿ ಟ್ಯಾಂಕಿನ ನೀರು

ಹಸಿರು ಬಣ್ಣ ಹೊಡೆದು, ಒಣಗಿಸಿ, ಹತ್ತಿಯಲ್ಲಿ ಉಜ್ಜಿ ಹೊಳಪು ತಂದ ಮೇಲೆ ನಂದೀಶ್ವರಯ್ಯನಿಗೆ ಗೊತ್ತಾಯಿತು, ಆ ಕಾರು ಮದುವೆ ಗಂಡಿನ ಮನೆಯದು ಅಂತ. ಅವನ ಸೋದರಮಾವ ಮಹಾಲಿಂಗಯ್ಯ ಷೆಡ್ಡಿನ ಬಾಗಿಲಲ್ಲಿ ಎಲೆಯಡಿಕೆ ಅಗಿಯುತ್ತ ನಿಂತು, ಮಗಳು ಜಗದಾಂಬೆಯನ್ನು ಮಧುಗಿರಿಯ ಜವಳಿ ಅಂಗಡಿಯವರ ಮನೆಗೆ ಕೊಡುವುದು ಗೊತ್ತಾಗಿದೆ, ಬೀಗರು ಇದೇ ಕಾರಿನಲ್ಲಿ ಬರುತ್ತಾರೆ ಎಂದು ಹೇಳಿದ. ಬಣ್ಣ ಚೆನ್ನಾಗಿ ಕೂತಿದೆ ಅಂತಲೂ ಸೇರಿಸಿದ.

ನಂದೀಶ್ವರಯ್ಯ ಕೈಯಲ್ಲಿದ್ದ ಹತ್ತಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಅವನ ತಾಯಿ ಸಾಯುವಾಗ ಇದೇ ಮಾವ ಅವಳ ಕೈ ಹಿಡಿದು, ನನ್ನ ಮಗಳು ನಿನ್ನ ಮಗನಿಗೇ ಅಂತ ಮಾತು ಕೊಟ್ಟಿದ್ದ. ಆ ಮಾತನ್ನು ನಂಬಿ ಅವನು ಕೊರಟಗೆರೆಯ ಮನೆಗೆ ಬೀಗ ಹಾಕಿ ಶಿರಾಕ್ಕೆ ಬಂದ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಗಾಳಿಯಿಂದ ಬಣ್ಣ ಹೊಡೆಯುವ ಕೆಲಸ ಕಲಿತ. ಮಾವನ ಮನೆಯ ಹಿತ್ತಲಲ್ಲಿ ತಗಡಿನ ಷೆಡ್ಡು ಎಬ್ಬಿಸಿದ. ಪಾವಗಡಕ್ಕೆ, ಮಧುಗಿರಿಗೆ ಓಡುವ ಬಸ್ಸುಗಳೆಲ್ಲ ಬಣ್ಣಕ್ಕೂ ಟೈರಿನ ಗಾಳಿಗೂ ಅಲ್ಲಿಗೇ ಬರುವ ಹಾಗೆ ಮಾಡಿದ. ಇಷ್ಟೆಲ್ಲ ಮಾಡಿದ ಮೇಲೆ ಅವನ ಪಾಲಿಗೆ ಬಂದದ್ದು ಬೀಗರ ಕಾರು.

ಅವನು ಜಗಳ ಆಡಲಿಲ್ಲ. ಮದುವೆಯಲ್ಲಿ ಪಂಕ್ತಿಗೆ ಬಡಿಸಿದ. ಬೀಗರ ಕಾರಿನ ಬಾಗಿಲು ತಾನೇ ತೆರೆದು ಹುಡುಗಿಯನ್ನು ಕೂರಿಸಿದ. ಹಾಗೆ ಬಾಗಿಲು ಮುಚ್ಚುವಾಗಲೇ, ಮಾವ ಬದುಕಿರಬಾರದು ಎಂಬ ಯೋಚನೆ ಯಾವ ಗಲಾಟೆಯೂ ಇಲ್ಲದೆ ಅವನೊಳಗೆ ಬಂದು ಕೂತಿತು.

ದಾರಿಯನ್ನು ಹುಡುಕಬೇಕಾಗಿರಲಿಲ್ಲ. ಅದು ಷೆಡ್ಡಿನೊಳಗೇ ಇತ್ತು. ಇಟ್ಟಿಗೆ ಕಟ್ಟೆಯ ಮೇಲೆ ಅಡ್ಡ ಮಲಗಿಸಿದ್ದ ಆಳುದ್ದದ ಕಬ್ಬಿಣದ ಟ್ಯಾಂಕು. ಗೋಡೆಯಾಚೆಯ ಎಣ್ಣೆ ಎಂಜಿನ್ನು ಬೆಲ್ಟು ತಿರುಗಿಸಿ ಅದರೊಳಗೆ ಗಾಳಿ ತುಂಬುತ್ತಿತ್ತು. ಬೆಂಗಳೂರಿನಲ್ಲಿ ಅದನ್ನು ಮಾರಿದವನು, ಗಾಳಿಯ ಜತೆ ತೇವವೂ ಹೋಗಿ ಒಳಗೆ ನೀರಾಗಿ ನಿಲ್ಲುತ್ತದೆ, ದಿನಾ ಬೆಳಿಗ್ಗೆ ಅಡಿಯ ನಲ್ಲಿ ತಿರುಗಿಸಿ ಅದನ್ನು ಹೊರಕ್ಕೆ ಬಿಡಬೇಕು, ಇಲ್ಲದಿದ್ದರೆ ತಳ ತುಕ್ಕು ತಿಂದು ಒಂದು ದಿನ ಸಿಡಿಯುತ್ತದೆ ಎಂದು ಎಚ್ಚರಿಸಿದ್ದ. ತಳ ಆಗಲೇ ಸ್ವಲ್ಪ ಸವೆದಿದೆ ಅಂತಲೂ ಹೇಳಿದ್ದ. ಆ ಮಾತು ಕೇಳಿಸಿಕೊಂಡದ್ದು ನಂದೀಶ್ವರಯ್ಯನೊಬ್ಬನೇ. ಮಾವ ಆಗ ಎಂಜಿನ್ನು ನೋಡುತ್ತಿದ್ದ.

ಹಾಗಾಗಿ ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಅದೇ ಈ ಯೋಜನೆಯ ಸೊಗಸು. ವಿಷ ಬೇಡ, ಕತ್ತಿ ಬೇಡ, ಇನ್ನೊಬ್ಬನ ಸಹಾಯ ಬೇಡ. ನಲ್ಲಿ ತಿರುಗಿಸದೆ ಸುಮ್ಮನಿದ್ದರೆ ಸಾಕು. ಗಾಳಿ ತುಂಬುವಾಗ ಮಾವ ಇನ್ನೊಬ್ಬರನ್ನು ನಂಬುವವನಲ್ಲ. ಟ್ಯಾಂಕಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತಿದ್ದ. ಎಂಜಿನ್ನು ನೋಡಿಕೊಳ್ಳುವ ಓಬಳಪ್ಪ ಗೋಡೆಯಾಚೆ ಇರುತ್ತಿದ್ದ. ನಂದೀಶ್ವರಯ್ಯ ಉದ್ದನೆಯ ರಬ್ಬರು ಪೈಪು ಎಳೆದುಕೊಂಡು ಬಸ್ಸಿನ ಆಚೆ ಬದಿಯಲ್ಲಿ ಬಣ್ಣ ಹೊಡೆಯುತ್ತಿದ್ದ.

ಆದರೆ ಟ್ಯಾಂಕು ಸಿಡಿದ ಮೇಲೆ ತಿಳಿದವರು ಬಂದು ಕೇಳುವುದುಂಟು, ನೀರು ತೆಗೆಯುತ್ತಿದ್ದವರು ಯಾರು ಅಂತ. ಅದಕ್ಕೂ ಅವನು ಉತ್ತರ ಸಿದ್ಧ ಮಾಡಿದ. ಬಣ್ಣದ ಬೀರುವಿನ ಹಿಂದೆ ಒಂದು ಮಡಕೆಯಲ್ಲಿ ಬಾವಿ ನೀರು ತುಂಬಿ, ಹಳೆಯ ಮೊಳೆ, ಬೋಲ್ಟುಗಳನ್ನು ನೆನೆಹಾಕಿದ. ಮೇಲೆ ಎಂಜಿನ್ ಎಣ್ಣೆಯ ನಾಲ್ಕು ಹನಿ. ಟ್ಯಾಂಕಿನಿಂದ ಬರುವ ನೀರಿಗೂ ಇದಕ್ಕೂ ವ್ಯತ್ಯಾಸ ಹೇಳುವವರಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಅದರಿಂದ ಬೋಗುಣಿ ತುಂಬಿ ಟ್ಯಾಂಕಿನ ಅಡಿಗೆ ತಳ್ಳಿಡುವುದು. ಆಮೇಲೆ ಅತ್ತೆ ದಾಕ್ಷಾಯಣಮ್ಮ ಅಂಗಳಕ್ಕೆ ಸಾರಿಸಲು ಬಂದಾಗ, ಎಲ್ಲರಿಗೂ ಕಾಣುವಂತೆ ಅಲ್ಲಿ ಕೂತು, ಪೈಪಿನ ಬಾಯಿಯನ್ನು ಒತ್ತಿ, ನಲ್ಲಿ ಬಿಟ್ಟ ಹಾಗೆ ಉಸ್ ಎನಿಸಿ, ಕೆಂಪು ನೀರಿನ ಬೋಗುಣಿ ಹೊತ್ತು ತಂದು ನಿಂಬೆಗಿಡದ ಬುಡಕ್ಕೆ ಚೆಲ್ಲುವುದು. ಕೂತಷ್ಟು ಹೊತ್ತೂ ಅವನ ಕಣ್ಣು ಅಂಗಳದ ಮೇಲೆ, ಯಾರು ನೋಡುತ್ತಿದ್ದಾರೆ ಅನ್ನುವುದರ ಮೇಲೆ.

ಅತ್ತೆಗೆ ಮೊದಲು ಗಿಡದ ಚಿಂತೆ. ಇಂಥ ನೀರು ಹಾಕಿದರೆ ಒಣಗುತ್ತದೆಂದು ಗೊಣಗಿದಳು. ಆಮೇಲೆ, ನಮ್ಮ ನಂದೀಶನಷ್ಟು ಅಚ್ಚುಕಟ್ಟು ಯಾರೂ ಇಲ್ಲ, ಜ್ವರ ಬಂದ ದಿನವೂ ಟ್ಯಾಂಕಿನ ನೀರು ತೆಗೆಯದೆ ಮಲಗಲಿಲ್ಲ ಅಂತ ಬಂದವರಿಗೆಲ್ಲ ಹೇಳತೊಡಗಿದಳು. ಓಬಳಪ್ಪ ಒಂದೆರಡು ಸಲ, ನಾನೇ ತೆಗೀತೀನಿ ಬುಡಿ ಅಂತ ಬಂದ. ನಲ್ಲಿ ಸೂಕ್ಷ್ಮ, ಹೆಚ್ಚು ತಿರುಗಿಸಿದರೆ ಕೆಟ್ಟುಹೋಗುತ್ತದೆ ಎಂದು ಅವನನ್ನು ನಂದೀಶ್ವರಯ್ಯ ದೂರ ಇಟ್ಟ.

ಮೊದಲ ಮಳೆಗಾಲ ಕಳೆಯಿತು. ಆಗ ಅವನು ಲೆಕ್ಕಕ್ಕೆ ಹಿಡಿಯದಿದ್ದ ತೊಂದರೆಗಳು ಒಂದೊಂದಾಗಿ ಬಂದವು. ಟ್ಯಾಂಕಿನ ನೀರು ಗಾಳಿಯ ಜತೆ ಪೈಪಿಗೆ ಏರಿ, ಬಣ್ಣದ ನಡುವೆ ಹನಿಹನಿಯಾಗಿ ಉಗುಳತೊಡಗಿತು. ಅವನು ಬಣ್ಣ ಹೊಡೆದ ಬಸ್ಸುಗಳ ಮೈಮೇಲೆ ಸಿಡುಬಿನ ಹಾಗೆ ಗುಳ್ಳೆ ಎದ್ದವು. ಕೈಗೆಲಸದಲ್ಲಿ ಒಂದು ಗೀರು ಬಿದ್ದರೂ ಊಟ ಸೇರದವನು ಅವನು. ಈಗ ಬಸ್ಸಿನವರ ಮುಂದೆ ತಲೆ ತಗ್ಗಿಸಿ, ಬಣ್ಣವೇ ಕಳಪೆ ಅಂತ ಸುಳ್ಳು ಹೇಳಿ, ಕೊನೆಗೆ ಬ್ರಷ್ಷು ಹಿಡಿದ. ಮಧುಗಿರಿಯ ಅಡವಯ್ಯ ಎಂಬ ಬಸ್ಸಿನ ಮಾಲೀಕ, ನನ್ನ ಷೆಡ್ಡಿಗೆ ನೀನೇ ಯಜಮಾನನಾಗು ಬಾ ಅಂತ ಕರೆದ. ಹೋಗುವಂತಿರಲಿಲ್ಲ. ಅವನು ಹೋದ ಮರುದಿನವೇ ಓಬಳಪ್ಪ ನಲ್ಲಿಗೆ ಕೈ ಹಾಕುತ್ತಾನೆ. ಟ್ಯಾಂಕು ಸಾಯುವವರೆಗೆ ಅದರ ಪಕ್ಕದಲ್ಲೇ ಬದುಕಬೇಕು. ಎಂಜಿನ್ನು ಶುರುವಾದರೆ ಅವನ ಹೆಗಲು ತಾನಾಗಿ ಕುಗ್ಗುತ್ತಿತ್ತು, ನಿಂತಾಗ ಸಡಿಲುತ್ತಿತ್ತು. ಮಾವ ಮಾತ್ರ ಮುಳ್ಳು ನೋಡುತ್ತ ವಚನ ಗುನುಗಿಕೊಂಡು ಕೂತಿರುತ್ತಿದ್ದ.

ಎರಡನೆಯ ವರ್ಷದ ಕೊನೆಗೆ ಜಗದಾಂಬೆ ತವರಿಗೆ ಬಂದಳು. ಒಂದು ಬೆಳಿಗ್ಗೆ ಅಪ್ಪನಿಗೆ ಕಾಫಿ ತಂದವಳು, ಅವನು ಬೀದಿಗೆ ಹೋಗಿದ್ದರಿಂದ, ಲೋಟ ಹಿಡಿದು ಟ್ಯಾಂಕಿಗೇ ಒರಗಿ ನಿಂತಳು. ಆಚೆ ಎಂಜಿನ್ನು ದಡದಡ ಅನ್ನುತ್ತಿತ್ತು. ನಂದೀಶ್ವರಯ್ಯ ಕೈಲಿದ್ದ ಬ್ರಷ್ಷು ಬಿಟ್ಟು ಓಡಿಬಂದ. ಬಣ್ಣದ ಗಾಳಿ ಎದೆಗೆ ಆಗುವುದಿಲ್ಲ, ಈಚೆ ಬಾ ಅಂತ ಅವಳನ್ನು ಅಂಗಳಕ್ಕೆ ಕರೆತಂದ. ಅವಳು ನಿಂಬೆಗಿಡದ ಹತ್ತಿರ ಕೂತಳು. ಆಮೇಲೆ ತಾನಾಗೇ ಮಾತೆತ್ತಿದಳು.

"ಭಾವ, ನೀನು ಅಪ್ಪನ ಹತ್ರ ಸರಿಯಾಗಿ ಮಾತಾಡ್ತಿಲ್ವಂತೆ. ಅವ್ರದೇನೂ ತಪ್ಪಿಲ್ಲ. ನಿನ್ನನ್ನೇ ಮಾಡ್ಕೋ ಅಂತ ಅವರು ಹಠ ಹಿಡಿದಿದ್ರು. ನಾನೇ ಒಲ್ಲೆ ಅಂದೆ. ಒಂದೇ ಮನೇಲಿ ಅಣ್ಣನಂಗೆ ಇದ್ದೋನು, ನನಗೆ ಹಂಗೆ ಅನ್ನಿಸ್ಲಿಲ್ಲ."

ಅವನು ನಿಂಬೆಗಿಡದ ಒಂದು ಎಲೆ ಕಿತ್ತು ಹರಿಯತೊಡಗಿದ.

"ಹುಡುಗಿ ಒಲ್ಲೆ ಅಂದ್ಲು ಅಂತ ಗೊತ್ತಾದ್ರೆ ನಿನಗೆ ನೋವಾಗ್ತದೆ, ಕೆಟ್ಟೋನು ನಾನೇ ಆಗ್ತೀನಿ ಬುಡು ಅಂದ್ರು ಅಪ್ಪ. ಅವತ್ತಿಂದ ಅದೇ ಕೊರಗು ಅವ್ರಿಗೆ."

ಅವಳು ಲೋಟ ತೊಳೆಯಲು ಎದ್ದು ಹೋದಳು. ನಂದೀಶ್ವರಯ್ಯ ಅಲ್ಲೇ ನಿಂತ. ಕಾರಿಗೆ ಬಣ್ಣ ಚೆನ್ನಾಗಿ ಕೂತಿದೆ ಎಂದಾಗ ಮಾವ ತನ್ನ ಮುಖ ನೋಡಿರಲಿಲ್ಲ ಅನ್ನುವುದು ಅವನಿಗೆ ಈಗ ನೆನಪಾಯಿತು. ಎರಡು ವರ್ಷ ತಾನು ನೀರೆರೆದು ಸಾಕಿದ ಸಿಟ್ಟನ್ನು ಇಡಲು ಜಾಗವೇ ಇಲ್ಲದಂತಾಯಿತು.

ಅವತ್ತೇ ಮಧ್ಯಾಹ್ನ ಊಟಕ್ಕೆ ಕೂತಾಗ, ಟ್ಯಾಂಕು ಹಳೇದಾಯ್ತು, ಬೇರೆ ತರೋಣ ಅಂತ ಮಾವನಿಗೆ ಹೇಳಿದ. ಎಷ್ಟೋ ದಿನಗಳ ಮೇಲೆ ಅಳಿಯ ತಾನಾಗಿ ಮಾತಾಡಿದ್ದಕ್ಕೆ ಮಹಾಲಿಂಗಯ್ಯನ ಮುಖ ಅರಳಿತು.

"ದಿನಾ ಬೆಳಿಗ್ಗೆ ಎದ್ದು ನೀರು ತೆಗೀತೀಯ. ಹಸುಗೂಸಿನಂಗೆ ನೋಡ್ಕತೀಯ. ನಿನ್ನಂಥೋನು ಇರೋವಾಗ ಅದಕ್ಕೇನಾಯ್ತದೆ ಕಣ್ಲಾ? ನನ್ನ ಕಾಲಕ್ಕೆ ಅದೇ ಸಾಕು ಬುಡು."

ತಟ್ಟೆಗೆ ತುಪ್ಪ ಬಡಿಸುತ್ತಿದ್ದ ಅತ್ತೆಯೂ ಹೌದೆಂದು ತಲೆಯಾಡಿಸಿದಳು. ಇನ್ನೇನು ಹೇಳುವುದು? ತಳ ಕೊಳೆತಿದೆ ಎಂದರೆ, ದಿನಾ ನೀರು ತೆಗೆದರೂ ಹೇಗೆ ಕೊಳೆಯಿತು ಎಂದು ಕೇಳುತ್ತಾರೆ. ಈಗ ನಲ್ಲಿ ತಿರುಗಿಸಿದರೆ ನೀರು ಹೋದೀತು, ತುಕ್ಕು ತಿಂದ ಕಬ್ಬಿಣ ವಾಪಸು ಬಾರದು. ತನ್ನನ್ನು ಕಾಯಲೆಂದು ಕಟ್ಟಿದ ಬೇಲಿ ಈಗ ಮಾವನ ಹತ್ತಿರ ಹೋಗುವ ದಾರಿಗೇ ಅಡ್ಡ ನಿಂತಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಸೋಮವಾರ ಎಂಜಿನ್ನಿಗೆ ರಜ. ಅವತ್ತು ಯಾರೂ ಇಲ್ಲದಾಗ ತಳಕ್ಕೆ ಒಂದು ಮೊಳೆ ಹೊಡೆದು ತೂತು ಮಾಡಿಬಿಟ್ಟರೆ ಗಾಳಿ ನಿಲ್ಲುವುದಿಲ್ಲ, ಟ್ಯಾಂಕು ತಾನಾಗಿ ಮೂಲೆ ಸೇರುತ್ತದೆ. ಒಂದು ಮೊಳೆ ಹೊಡೆಯಲು ಸೋಮವಾರದವರೆಗೆ ಯಾಕೆ ಕಾಯಬೇಕು ಅಂತ ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಶನಿವಾರವೂ ವಾಡಿಕೆಯಂತೆ ಬೋಗುಣಿಯ ನೀರು ಚೆಲ್ಲಿದ. ಬಿಟ್ಟರೆ ಅತ್ತೆ ಕೇಳುತ್ತಿದ್ದಳು. ಪಾವಗಡದ ಬಸ್ಸು ಟೈರಿಗೆ ಗಾಳಿ ಬೇಕೆಂದು ಬಂದು ನಿಂತಿತು. ಓಬಳಪ್ಪ ಎಂಜಿನ್ನು ತಿರುಗಿಸಿದ. ನಂದೀಶ್ವರಯ್ಯ ಪೈಪು ಹಿಡಿದು ಬಸ್ಸಿನ ಆಚೆಗೆ ಹೋಗಿದ್ದ. ಮಾವ ಗುನುಗುತ್ತಿದ್ದದ್ದು ಕೇಳಿಸುತ್ತಿತ್ತು. ಆಮೇಲೆ ಒಂದು ಸದ್ದು. ಷೆಡ್ಡಿನ ತಗಡುಗಳು ಮೇಲೆದ್ದು ಅಂಗಳದ ತುಂಬ ಬಿದ್ದವು. ಬಸ್ಸಿನ ಗಾಜು ಪುಡಿಯಾಯಿತು. ಮೊದಲು ಒಳಕ್ಕೆ ಓಡಿದವನು ನಂದೀಶ್ವರಯ್ಯನೇ. ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದ. ಆ ಕೂಗಿನಲ್ಲಿ ನಾಟಕ ಇರಲಿಲ್ಲ. ಮಹಾಲಿಂಗಯ್ಯ ಮತ್ತೆ ಕಣ್ಣು ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಇನ್‌ಸ್ಪೆಕ್ಟರ್ ಮೂಡಲಗಿರಿಯಪ್ಪ ಬಂದರು. ದಪ್ಪ ಮೈಯ, ಮೆಲುದನಿಯ ಮನುಷ್ಯ. ಅಷ್ಟರಲ್ಲಿ ನಂದೀಶ್ವರಯ್ಯನ ಅಳು ನಿಂತು, ತಲೆ ಹಳೆಯ ಹಾಗೆ ಕೆಲಸ ಮಾಡತೊಡಗಿತ್ತು. ಆದದ್ದು ಆಗಿಹೋಯಿತು, ತಾನೂ ಸತ್ತರೆ ಈ ಮನೆಗೆ ದಿಕ್ಕು ಯಾರು ಅಂತ ತನಗೇ ಹೇಳಿಕೊಂಡ. ಟ್ಯಾಂಕು ಬದಲಾಯಿಸೋಣ ಎಂದದ್ದಕ್ಕೂ ಈಗ ಸಾಕ್ಷಿ ಇತ್ತು. ನೀರು ತೆಗೆಯುತ್ತಿದ್ದವರು ಯಾರು ಎಂದು ಇನ್‌ಸ್ಪೆಕ್ಟರು ಕೇಳಿಯೇ ಕೇಳಿದರು. ನಾನೇ ಸ್ವಾಮಿ, ಇವತ್ತು ಬೆಳಿಗ್ಗೆಯೂ ನಲ್ಲಿ ತಿರುಗಿಸಿ ತೆಗೆದಿದ್ದೆ ಎಂದ. ದಾಕ್ಷಾಯಣಮ್ಮ ಸೆರಗು ಬಾಯಿಗೊತ್ತಿಕೊಂಡೇ, ಎರಡು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ, ನನ್ನ ಕಣ್ಣಾರೆ ನೋಡಿದ್ದೀನಿ ಎಂದಳು. ಓಬಳಪ್ಪ, ನಿಂಬೆಗಿಡದ ಬುಡದ ಮಣ್ಣು ನೋಡಿ ಸ್ವಾಮಿ, ಹೆಂಗೆ ಕೆಂಪಗಾಗದೆ ಅಂತ ತೋರಿಸಿದ. ಎಲ್ಲ ಮಾತೂ ಅವನು ಬಯಸಿದ್ದ ಜಾಗಕ್ಕೇ ಬಂದು ಕೂತವು.

ಇನ್‌ಸ್ಪೆಕ್ಟರು ಕಿತ್ತುಬಿದ್ದಿದ್ದ ಟ್ಯಾಂಕಿನ ತಳವನ್ನು ಓಬಳಪ್ಪನ ಕೈಲಿ ಮಗುಚಿ ಹಾಕಿಸಿ, ಅದರಲ್ಲಿ ಹಾಗೇ ಉಳಿದಿದ್ದ ಹಿತ್ತಾಳೆಯ ನಲ್ಲಿಯ ಹತ್ತಿರ ಮಂಡಿಯೂರಿದರು. ನಲ್ಲಿಯ ಬಾಯಿ ತುಂಬ ಮಣ್ಣು ಮೆತ್ತಿಕೊಂಡಿತ್ತು. ಕುಂಬಾರ ಹುಳ ಕಟ್ಟಿದ ಗೂಡು. ಹಳೆಯ ಗೂಡಿನ ಮೇಲೆ ಹೊಸದು, ಅದರ ಮೇಲೆ ಇನ್ನೊಂದು, ಒಣಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅವರು ಜೇಬಿನ ಚಾಕು ತೆಗೆದು ಮೇಲಿನ ಪದರವನ್ನು ಒಡೆದರು. ಒಳಗೊಂದು ಬಿಳಿಯ ಮರಿಹುಳ ಮೆಲ್ಲಗೆ ಮಿಸುಕಿತು. ಆಮೇಲೆ ಕೆಳಗಿನ ಪದರ, ಅದರ ಕೆಳಗಿನದು. ನಲ್ಲಿಯ ಗಂಟಲಿನವರೆಗೂ ಬರೀ ಮಣ್ಣು, ಒಂದು ಹನಿ ನೀರು ದಾಟಿದ ಗುರುತಿಲ್ಲ. ಚಾಕುವನ್ನು ಮಡಚುತ್ತ ಅವರು ಮೊದಲು ನಿಂಬೆಗಿಡದ ಬುಡ ನೋಡಿದರು, ಆಮೇಲೆ ದಾಕ್ಷಾಯಣಮ್ಮನನ್ನು, ಕೊನೆಗೆ ನಂದೀಶ್ವರಯ್ಯನನ್ನು. "ಎರಡು ವರ್ಷ ಹೊತ್ತು ಚೆಲ್ಲಿದೆಯಲ್ಲಪ್ಪ," ಎಂದರು ಮೆತ್ತಗೆ, "ಆ ನೀರು ಎಲ್ಲಿಂದ ತರ್ತಿದ್ದೆ?"