ಹಸಿರು ನೀರು ಹೋದದ್ದೆಲ್ಲಿಗೆ?

ಗ್ಯಾರೇಜಿನ ಸ್ಪ್ಯಾನರಕ್ಕ ಸಹಾಯ ಬೇಡಲು ಬಂದವಳಂತೆ ಕಾಣಲಿಲ್ಲ, ಜಗಳಕ್ಕೇ ಬಂದಂತಿತ್ತು. ಬಾಗಿಲು ತೆರೆದ ಅಳಿಯನನ್ನು ದಾಟಿ ನೇರವಾಗಿ ಒಳಗೆ ಬಂದವಳೇ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಮ್ಮಾ, ತಪ್ಪು ನನ್ನದೇ ಅಂತ ನೀವು ತೋರಿಸಿಕೊಟ್ರೆ ನಾಳೆನೇ ಗ್ಯಾರೇಜಿಗೆ ಬೀಗ ಹಾಕ್ತೀನಿ. ನನ್ನದಲ್ಲ ಅಂತಾದ್ರೆ ಆ ಯಜಮಾನ್ರು ಅದನ್ನ ಬಾಯಿಬಿಟ್ಟು ಹೇಳ್ಬೇಕು. ಕ್ಷಮೆ ಮಾತ್ರ ನಾನು ಕೇಳಲ್ಲ."

ಅತ್ತೆ ಓದುತ್ತಿದ್ದ ಪುಸ್ತಕ ಮಡಚಿದರು. "ಅಳಿಯಂದಿರೇ, ಕುರ್ಚಿ ಕೊಡಿ. ನಿಂತ್ಕೊಂಡು ಸಿಟ್ಟು ಮಾಡಿದ್ರೆ ಕಾಲು ನೋಯುತ್ತೆ."

ಅತ್ತೆ ಕೆಲಸ ಮಾಡಿದ್ದು ವಿಮಾ ಕಂಪನಿಯಲ್ಲಿ. ಜಜ್ಜಿದ, ಸುಟ್ಟ, ಮುಳುಗಿದ ವಾಹನಗಳನ್ನು ನೋಡಿ, ಮಾಲೀಕರು ಹೇಳುವುದರಲ್ಲಿ ನಿಜವೆಷ್ಟು ಬುರುಡೆಯೆಷ್ಟು ಎಂದು ತೀರ್ಮಾನಿಸುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತೇ ಹೊರತು ಉದ್ಯೋಗ ನಿಲ್ಲಲಿಲ್ಲ. ಬೀದಿಯಲ್ಲಿ ಏನೇ ಕಳೆದುಹೋಗಲಿ, ಜನ ಅವರ ಮಹಡಿ ಹತ್ತುತ್ತಿದ್ದರು. ಅವರ ಚೀಲ ಹೊರುವುದು, ಟಾರ್ಚ್ ಹಿಡಿಯುವುದು, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಅಳಿಯನ ಪಾಲಿಗೆ ಬಂದಿತ್ತು. ಅದರಲ್ಲಿ ಅವನಿಗೆ ಹೆಮ್ಮೆ ಇತ್ತು. ದೊಡ್ಡವರ ತಂಟೆ ಬಂದಾಗ ಮಾತ್ರ ಹೆಮ್ಮೆ ಹಿಂದಕ್ಕೆ ಸರಿದು ಭಯ ಮುಂದೆ ಬರುತ್ತಿತ್ತು. ಇದು ದೊಡ್ಡವರ ತಂಟೆಯೇ.

ಊರಿನ ಸಿರಿವಂತ ಯಜಮಾನರಿಗೆ ತಂದೆಯಿಂದ ಬಂದ ಒಂದು ಹಳೆಯ ಕಾರಿತ್ತು. ಅದರ ರೇಡಿಯೇಟರ್ ತುಕ್ಕು ಹಿಡಿದು ಜರಡಿಯಾಗಿತ್ತು. ಅದೇ ಅಳತೆಯ ಹಿತ್ತಾಳೆಯ ಇನ್ನೊಂದನ್ನು ಎಲ್ಲೆಲ್ಲೋ ಹುಡುಕಿ ತಂದು ಕೂರಿಸಿದವಳು ಸ್ಪ್ಯಾನರಕ್ಕ. ಚೌಕಟ್ಟಿಗೆ ತಾಗದಂತೆ ಕೆಳಗೆ ಹೊಸ ಚರ್ಮದ ಪಟ್ಟಿ ಇಟ್ಟು, ಮೇಲಿನ ಕೆಳಗಿನ ಕೊಳವೆ ಬಿಗಿದು, ಬಿಸಿ ತಡೆಯುವ ಹಸಿರು ಕೂಲೆಂಟ್ ಬೆರೆಸಿದ ನೀರು ತುಂಬಿ, ಎಂಜಿನ್ ಚೆನ್ನಾಗಿ ಕಾಯುವವರೆಗೂ ಓಡಿಸಿ ನೋಡಿದ್ದಳು. ಒಂದು ಹನಿಯೂ ಸೋರಲಿಲ್ಲ. ಸಂಜೆ ಯಜಮಾನರ ಶೆಡ್ಡಿನಲ್ಲೇ ಕಾರು ಒಪ್ಪಿಸಿ ಬಂದಳು. ಮರುದಿನ ಬೆಳಿಗ್ಗೆ ಹಳೆ ಕಾರುಗಳವರ ಕೂಟಕ್ಕೆ ಯಜಮಾನರೇ ಅದನ್ನು ಓಡಿಸಿಕೊಂಡು ಹೊರಟರು. ದಿಬ್ಬ ಹತ್ತುವಾಗ ಎಂಜಿನ್ ಕಾದು, ಬಿಗಿಹಿಡಿದುಕೊಂಡು ನಿಂತೇಹೋಯಿತು. ನೋಡಿದರೆ ರೇಡಿಯೇಟರಿನಲ್ಲಿ ನೀರೇ ಇಲ್ಲ. ನೀರಿಳಿಸುವ ನಲ್ಲಿ ಬಾಯ್ತೆರೆದಿದೆ!

"ನಲ್ಲಿ ಮುಚ್ಚದೆ ಬಿಟ್ಟಿದಾಳೆ, ಇವಳ ಕೈಗೆ ಆಟದ ಕಾರೂ ಕೊಡ್ಬೇಡಿ ಅಂತ ಕೂಟದವರೆಲ್ಲರ ಮುಂದೆ ಅಂದ್ರಂತೆ," ಎಂದಳು ಸ್ಪ್ಯಾನರಕ್ಕ. "ಇವತ್ತು ಬರಬೇಕಿದ್ದ ಎರಡು ಗಾಡಿ ವಾಪಸ್ ಹೋದ್ವು. ನನಗಿರೋದು ಹೆಸರೊಂದೇ ಅಮ್ಮಾ. ಅದೂ ಹೋದ್ರೆ ಗ್ಯಾರೇಜಲ್ಲಿ ಕೂತು ನೊಣ ಹೊಡೀಬೇಕು."

"ಒಪ್ಪಿಸುವಾಗ ಅವರಿಗೆ ಏನಂದೆ?"

"ಇನ್ಮೇಲೆ ಈ ನೀರನ್ನ ಯಾರೂ ಮುಟ್ಟೋದು ಬೇಡ, ಮನೆಯವರಿಗೆಲ್ಲ ಹೇಳಿಬಿಡಿ ಅಂದೆ. ಹೂಂ ಅಂದ್ರು. ಫೋನ್ ನೋಡ್ತಾ ಇದ್ರು."

ಅತ್ತೆ ಎದ್ದು ಚಪ್ಪಲಿ ಹುಡುಕತೊಡಗಿದರು. ಅಳಿಯ ನಿಟ್ಟುಸಿರು ಬಿಟ್ಟು ಚೀಲ ಎತ್ತಿಕೊಂಡ.

ಎಳೆದು ತಂದ ಕಾರು ಯಜಮಾನರ ಶೆಡ್ಡಿನಲ್ಲಿ ತನ್ನ ಹಳೆಯ ಜಾಗದಲ್ಲೇ ನಿಂತಿತ್ತು. ಅತ್ತೆ ಅದನ್ನು ನೋಡುವ ಮೊದಲು ನೆಲ ನೋಡಿದರು. ಅಳಿಯ ಟಾರ್ಚ್ ಹಿಡಿದು ಮಂಡಿಯೂರಿದ. ಸಿಮೆಂಟಿನ ಮೇಲೆ ನುಣ್ಣನೆ ಧೂಳು, ಟೈರಿನ ಗುರುತು, ಅಷ್ಟೇ.

"ಈ ಹಸಿರು ನೀರು ಚೆಲ್ಲಿದ್ರೆ ಕಲೆ ಉಳಿಯುತ್ತಾ?"

"ಒಣಗಿದ್ರೂ ಉಳಿಯುತ್ತಮ್ಮಾ. ದಿಬ್ಬದವರೆಗೂ ರಸ್ತೆ ನೋಡ್ಕೊಂಡೇ ಬಂದೆ. ಎಲ್ಲೂ ಇಲ್ಲ."

ಬಳಿಕ ಅತ್ತೆ ಬಾನೆಟ್ ಎತ್ತಿಸಿದರು. ಕೆಳಗಿನ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಪುಟ್ಟ ಹಿತ್ತಾಳೆ ನಲ್ಲಿಯಿತ್ತು. ಅದರ ಕಿವಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಗಿಸಬೇಕು. ಇಡೀ ಅಂಗೈಗೆ ಅಲ್ಲಿ ಜಾಗವಿಲ್ಲ. ಅತ್ತೆ ಸರಿಯಾಗಿ ನೋಡಲೆಂದು ಅಳಿಯ ಹಿಂದೆ ಸರಿದಾಗ ಮೂಲೆಯಲ್ಲಿ ಹಲಗೆ ಮುಚ್ಚಿಟ್ಟಿದ್ದ ಬಕೆಟ್ಟಿಗೆ ಕಾಲು ತಾಗಿ, ಪ್ಯಾಂಟಿನ ಅಂಚಿಗೆ ನೀರು ಸಿಡಿಯಿತು. ಅಲ್ಲೇ ನಿಂತಿದ್ದ ಡ್ರೈವರಜ್ಜ ಧಾವಿಸಿ ಬಂದು ಹಲಗೆಯನ್ನು ನೇರ ಮಾಡಿದ. ಅವನು ಯಜಮಾನರ ತಂದೆಯ ಕಾಲದಿಂದ ಆ ಕಾರಿನ ಚಾಲಕ. ಶೆಡ್ಡಿನ ಹಿಂದಿನ ಕೋಣೆಯೇ ಅವನ ಮನೆ.

"ನೀವ್ಯಾಕೆ ಓಡಿಸಲಿಲ್ಲ ಅಜ್ಜಾ?" ಎಂದರು ಅತ್ತೆ.

"ಬೆಳಿಗ್ಗೆ ಬರೋದ್ರೊಳಗೆ ಅವರೇ ಹೊರಟುಬಿಟ್ಟಿದ್ರು ತಾಯೀ." ಅಷ್ಟು ಹೇಳಿ ಅಜ್ಜ ಮಂಡಿ ಹಿಡಿದುಕೊಂಡು ನಿಧಾನ ಆಚೆ ಹೋದ.

ಆಮೇಲೆ ಸಿಕ್ಕವನು ಯಜಮಾನರ ಭಾವಮೈದುನ, ಬಾಯಿಬಡುಕ. ರೇಡಿಯೇಟರಿನ ಕೆಲಸವನ್ನು ತನ್ನ ಗೆಳೆಯನ ಗ್ಯಾರೇಜಿಗೆ ಕೊಡಿಸಬೇಕೆಂದು ಅವನು ಹಟ ಹಿಡಿದಿದ್ದು ಎಲ್ಲರಿಗೂ ಗೊತ್ತಿತ್ತು. ಅಳಿಯನಿಗಂತೂ ಅವನ ಮೇಲೇ ಅನುಮಾನ.

"ನಾನು ಭಾವನ ಪಕ್ಕದಲ್ಲೇ ಕೂತಿದ್ದೆ," ಎಂದ ಅವನು. "ಹೊರಡುವಾಗ ಡ್ರೈವರಜ್ಜ ಗೇಟಿನವರೆಗೂ ಓಡಿಬಂದು ಕೈ ಬೀಸಿ ಕಳಿಸಿಕೊಟ್ಟ, ಪಾಪ. ದಿಬ್ಬದಲ್ಲಿ ಗಾಡಿ ನಿಂತಾಗ ಭಾವ ನನ್ನನ್ನ ಸಹಾಯಕ್ಕೆ ಜನ ಕರೆಯೋಕೆ ಕಳಿಸಿದ್ರು. ವಾಪಸ್ ಬಂದ್ರೆ, ನೋಡೋ ನಲ್ಲಿ ತೆರೆದೇ ಇದೆ ಅಂತ ತೋರಿಸಿದ್ರು."

ಯಜಮಾನರು ಕೊನೆಗೆ ಸಿಕ್ಕರು. ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು.

"ಏನಾಯ್ತು?" ಎಂದರು ಅತ್ತೆ.

"ಆ ಹೆಂಗಸಿನ ಕೃಪೆ. ರೇಡಿಯೇಟರಿನ ಮುಚ್ಚಳ ತೆಗೆದಾಗ ಹಬೆ ಹೊಡೀತು."

"ಓಡಿಸುವಾಗ ಬಿಸಿ ತೋರಿಸೋ ಮುಳ್ಳು ನೋಡ್ಲಿಲ್ವಾ?"

"ನೋಡದೆ ಏನು? ಏರಲೇ ಇಲ್ಲ! ಅದನ್ನೂ ಕೆಡಿಸಿಟ್ಟಿದಾಳೆ."

ಮನೆಗೆ ಬಂದ ಮೇಲೆ ಅತ್ತೆ ಬಹಳ ಹೊತ್ತು ಅಳಿಯನ ಪ್ಯಾಂಟಿನ ಅಂಚನ್ನೇ ನೋಡುತ್ತ ಕುಳಿತರು. ಅವನಿಗೆ ಮುಜುಗರವಾಯಿತು.

"ಒಗೆದರೂ ಹೋಗಲ್ಲ ಅದು," ಎಂದರು ಅತ್ತೆ ಸಂತೋಷದಿಂದ. "ಕೂಟದವರನ್ನೆಲ್ಲ ನಾಳೆ ಶೆಡ್ಡಿಗೆ ಕರೆಸಿ. ಎಲ್ಲರೂ ಬರಬೇಕು."

"ಅತ್ತೇ, ಯಜಮಾನರಿಗೊಬ್ಬರಿಗೇ ಮೆಲ್ಲಗೆ ಹೇಳಿದ್ರೆ ಆಗಲ್ವಾ?"

"ಅವರು ಅವಳ ಬಗ್ಗೆ ಮೆಲ್ಲಗೆ ಹೇಳಿದ್ರಾ?"

ಅಳಿಯ ಎದ್ದ. ಹೋಗಿ ಎಲ್ಲರಿಗೂ ಫೋನ್ ಮಾಡಿದ.

ಮರುದಿನ ಶೆಡ್ಡು ತುಂಬಿತ್ತು. ಸ್ಪ್ಯಾನರಕ್ಕ ಕಾರಿನ ಪಕ್ಕದಲ್ಲೇ ನಿಂತಿದ್ದಳು. ತಲೆ ತಗ್ಗಿಸಿರಲಿಲ್ಲ, ಯಾರು ನೋಡಿದರೂ ತಿರುಗಿ ನೋಡುತ್ತಿದ್ದಳು.

"ಈಕೆ ನಲ್ಲಿ ತೆರೆದಿಟ್ಟು ಹೋಗಿದ್ರೆ ನೀರು ಈ ನೆಲದ ಮೇಲಿರಬೇಕಿತ್ತು," ಎಂದು ಅತ್ತೆ ಆರಂಭಿಸಿದರು. "ನೆಲದಲ್ಲಿ ಕಲೆಯಿಲ್ಲ. ದಾರಿಯಲ್ಲಿ ಸೋರಿದ್ರೆ ರಸ್ತೆಯಲ್ಲಿರಬೇಕಿತ್ತು. ಅಲ್ಲೂ ಇಲ್ಲ. ಮುಳ್ಳು ಏರಲಿಲ್ಲ ಅಂತ ಯಜಮಾನರೇ ಹೇಳಿದ್ರು. ಆ ಮುಳ್ಳು ಅಳೆಯೋದು ನೀರಿನ ಬಿಸಿಯನ್ನ. ಅದು ಕೆಟ್ಟಿಲ್ಲ, ಅಳೆಯೋಕೆ ನೀರೇ ಇರಲಿಲ್ಲ. ಅಂದ್ರೆ ಗೇಟು ದಾಟುವ ಮುಂಚೆಯೇ ರೇಡಿಯೇಟರ್ ಒಣಗಿತ್ತು. ಯಾರೋ ನೆಲಕ್ಕೆ ಹನಿ ಬೀಳದ ಹಾಗೆ ಇಳಿಸಿಕೊಂಡು, ನಲ್ಲಿ ಮುಚ್ಚಿಟ್ಟಿದ್ರು. ಕಾರು ಕೆಡಿಸೋ ಕೈ ಅಷ್ಟು ಜೋಪಾನ ಮಾಡಲ್ಲ. ಅದು ಕಾರನ್ನ ಪ್ರೀತಿಸೋ ಕೈ. ಅಜ್ಜಾ, ಆ ಹಲಗೆ ತೆಗೀರಿ."

ಡ್ರೈವರಜ್ಜ ಹಲಗೆ ಎತ್ತಿದ. ಬಕೆಟ್ಟಿನಲ್ಲಿ ಹಸಿರು ನೀರು ಹೊಳೆಯಿತು.

"ಹಳೇ ರೇಡಿಯೇಟರ್ ತೊಟ್ಟಿ ತುಕ್ಕು ಹಿಡಿಯುತ್ತೆ ಅಂತ ದೊಡ್ಡ ಯಜಮಾನರ ಕಾಲದಿಂದ ದಿನಾ ಸಂಜೆ ನೀರಿಳಿಸಿ, ನಲ್ಲಿ ಮುಚ್ಚಿ, ಬೆಳಿಗ್ಗೆ ತುಂಬಿ, ಆಮೇಲೇ ಚಕ್ರ ಹಿಡೀತಿದ್ದೆ," ಎಂದ ಅಜ್ಜ. "ಹೊಸದಕ್ಕೆ ಬೇಡ ಅಂತ ನನಗ್ಯಾರೂ ಹೇಳಲಿಲ್ಲ ತಾಯೀ. ನೀರು ಹಸಿರಾಗಿದ್ದಕ್ಕೆ ಹೊಸ ತೊಟ್ಟಿ ಬಣ್ಣ ಬಿಡ್ತಿದೆ ಅಂದ್ಕೊಂಡೆ. ಬೆಳಿಗ್ಗೆ ಕಾರು ಹೊರಟಿದ್ದು ನೋಡಿ ಗೇಟಿನವರೆಗೂ ಕೂಗ್ತಾ ಓಡಿದೆ."

"ಮಂಡಿನೋವಿನ ಮನುಷ್ಯ ಬರೀ ಕೈ ಬೀಸೋಕೆ ಯಾಕೆ ಓಡ್ತಾನೆ?" ಎಂದು ಅತ್ತೆ ಭಾವಮೈದುನನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡ.

"ನೋಡಿದ್ರಾ! ಈ ಮುದುಕನದೇ ಕೆಲಸ!" ಯಜಮಾನರು ಗದರಿದರು.

"ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ. ಅಜ್ಜ ಮುಚ್ಚಿದ ನಲ್ಲಿ ದಿಬ್ಬದ ಮೇಲೆ ತೆರೆದದ್ದು ಹೇಗೆ? ಅಜ್ಜ ಗೇಟಿನಲ್ಲೇ ನಿಂತುಬಿಟ್ಟಿದ್ರು. ನಿಮ್ಮ ಭಾವಮೈದುನನನ್ನ ನೀವೇ ಆಚೆ ಕಳಿಸಿದ್ರಿ. ಉಳಿದವರು ನೀವೊಬ್ಬರೇ. ಹಬೆ ಹೊಡೀತು ಅಂದ್ರಿ. ನೀರಿಲ್ಲದ ತೊಟ್ಟಿಯಲ್ಲಿ ಹಬೆ ಎಲ್ಲಿಂದ ಬಂತು? ಹಬೆ ಹೊಡೆದ್ರೆ ಇಡೀ ಕೈ ಬೇಯುತ್ತೆ. ನಿಮಗೆ ಸುಟ್ಟಿದ್ದು ಹೆಬ್ಬೆರಳು, ತೋರುಬೆರಳು. ಕೆಂಡದಂಥ ಎಂಜಿನ್ನಿಗೆ ಅಂಟಿದ ಹಿತ್ತಾಳೆಯನ್ನ ಹಿಡಿದದ್ದು ಅವೆರಡೇ."

ಯಜಮಾನರು ಪಟ್ಟಿ ಸುತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದರು.

"ಯಾಕೆ ಅಂತಲೂ ಹೇಳಿಬಿಡ್ತೀನಿ," ಎಂದರು ಅತ್ತೆ. "ಹೊರಡುವ ಮುಂಚೆ ನೀವು ನೀರು ನೋಡಲಿಲ್ಲ. ಕೂಟದವರು ಅದನ್ನೇ ಮೊದಲು ಕೇಳ್ತಾರೆ, ನಗ್ತಾರೆ. ನಗೆಪಾಟಲಾಗೋದರ ಬದಲು ಒಬ್ಬಳ ಅನ್ನಕ್ಕೆ ಕಲ್ಲು ಹಾಕೋದು ಸುಲಭ ಅನ್ನಿಸ್ತು. ನಿಜ ಹೇಳೋಕೆ ಬಂದ ಅಜ್ಜನಿಗೆ ಏನಂದ್ರಿ?"

"ಬಾಯಿಬಿಟ್ರೆ ಕೋಣೆ ಖಾಲಿ ಮಾಡು ಅಂದ್ರು," ಎಂದ ಅಜ್ಜ.

ಯಜಮಾನರ ಮುಖ ಇಳಿದುಹೋಯಿತು. ಸ್ಪ್ಯಾನರಕ್ಕನ ಬಳಿ ಬಂದು ದನಿ ತಗ್ಗಿಸಿದರು. "ಆಯ್ತಮ್ಮಾ, ಆಗಿದ್ದು ಆಗಿಹೋಯ್ತು. ಎಂಜಿನ್ನೂ ನೀನೇ ರಿಪೇರಿ ಮಾಡು, ಕೇಳಿದಷ್ಟು ಕೊಡ್ತೀನಿ."

"ಮೊದಲು, ನಲ್ಲಿ ತೆರೆದಿದ್ದು ಯಾರು ಅಂತ ಹೇಳಿ."

ಯಜಮಾನರು ಏನೋ ಗೊಣಗಿದರು.

"ಕೇಳಿಸಲಿಲ್ಲ!" ಎಂಬ ದನಿ ಶೆಡ್ಡಿನ ತುದಿಯಿಂದ ಬಂತು. ಎಲ್ಲರೂ ತಿರುಗಿ ನೋಡಿದರು. ಕೂಗಿದವನು ಅಳಿಯ! ತನ್ನ ಧೈರ್ಯಕ್ಕೆ ಅವನಿಗೇ ಬೆವರು ಬಂದಿತ್ತು. ಆದರೂ ಇನ್ನೊಮ್ಮೆ ಕೂಗಿದ. "ಹಿಂದಿದ್ದವರಿಗೆ ಕೇಳಿಸಲಿಲ್ಲ ಯಜಮಾನ್ರೇ, ಜೋರಾಗಿ ಹೇಳಿ!"

"ನಾನೇ ತೆರೆದಿದ್ದು! ಇವಳ ಕೆಲಸ ಸರಿಯಾಗೇ ಇತ್ತು! ಸಾಕಾ?"

"ಇದಕ್ಕೆ ಸಾಕು," ಎಂದಳು ಸ್ಪ್ಯಾನರಕ್ಕ. ಆಮೇಲೆ ಅಜ್ಜನತ್ತ ತಿರುಗಿದಳು. "ಅಜ್ಜಾ, ನೀವೂ ಸುಮ್ಮನಿದ್ದುಬಿಟ್ರಲ್ಲ. ಅದಕ್ಕೆ ದಾರಿಯುದ್ದಕ್ಕೂ ಬೈತೀನಿ. ಈಗ ಹೋಗಿ ಪೆಟ್ಟಿಗೆ ಕಟ್ಟಿ. ನನ್ನ ಗ್ಯಾರೇಜ್ ಮೇಲೊಂದು ಕೋಣೆಯಿದೆ. ಹಳೇ ಗಾಡಿಗಳ ಮರ್ಜಿ ಗೊತ್ತಿರೋರು ಬೇಕು ನನಗೆ."

ಅಜ್ಜ ಕಣ್ಣೊರೆಸಿಕೊಳ್ಳುತ್ತ ಕೋಣೆಯತ್ತ ನಡೆದ.

"ಮತ್ತೆ ನನ್ನ ಕಾರು?" ಎಂದರು ಯಜಮಾನರು.

ಸ್ಪ್ಯಾನರಕ್ಕ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವರ ಹೊಳೆಯುವ ಬೂಟಿನ ಮುಂದೆ ಇಟ್ಟಳು.

"ಆಟದ ಕಾರೂ ಕೊಡಬಾರದ ಕೈ ಅಲ್ವಾ ಇದು? ಬೇರೆ ಕೈ ಹುಡುಕ್ಕೊಳ್ಳಿ. ತಗೊಳ್ಳಿ, ನಿಮ್ಮ ನೀರು. ಎಲ್ಲಾ ಇದೆ. ಆ ಅಣ್ಣನ ಪ್ಯಾಂಟಿಗೆ ಸಿಡಿದಿದ್ದೊಂದು ಕಮ್ಮಿ."