ಉತ್ತರಕ್ಕೆ ಕಾದ ಪೆಟ್ಟಿಗೆ

ರಾತ್ರಿ ಒಂಬತ್ತೂಕಾಲಿಗೆ ಯಾರೋ ಕ್ವಾರ್ಟರ್ಸಿನ ಬಾಗಿಲು ಬಡಿದರು. ಬೆರಳಿನ ತುದಿಯಿಂದಲ್ಲ, ಅಂಗೈಯಿಂದ, ಮೂರು ಸಲ.

ಇನ್‌ಸ್ಪೆಕ್ಟರ್ ಭುವನೇಶ್ವರಿ ಬಾಗಿಲು ತೆಗೆದಾಗ ಹೊರಗೆ ನಿಂತ ಮನುಷ್ಯ ನಮಸ್ಕಾರವನ್ನೂ ಮಾಡಲಿಲ್ಲ. ಟವೆಲಿನಲ್ಲಿ ಸುತ್ತಿ ತಂದ ಒಂದು ಮೊಟ್ಟೆಯನ್ನು ಮುಂದೆ ಚಾಚಿದ.

"ಹಿಡೀರಿ ಮೇಡಮ್."

ಆಕೆ ಹಿಡಿದಳು. ಕಲ್ಲಿನಂತೆ ತಣ್ಣಗಿತ್ತು.

"ಇಂಥವು ಹನ್ನೆರಡು ಸಾವಿರ ಅದಾವ. ಮೂರು ದಿನದಾಗ ಮರಿ ಆಗ್ತಿದ್ದವು. ಇವನ್ನ ಕೊಂದವನ ಹೆಸರು ನನಗ ಗೊತ್ತದ. ಬರಕೋರಿ."

ಬಂದವನು ಮಹಾರುದ್ರಪ್ಪ. ರಾಜೇಶ್ವರದ ಅಂಚಿನಲ್ಲಿ ಅವನದೊಂದು ಕೋಳಿಮರಿ ಕೇಂದ್ರವಿತ್ತು. ಅಂದು 2024ರ ಡಿಸೆಂಬರ್ 30, ಎಳ್ಳ ಅಮಾವಾಸ್ಯೆ. ರಾತ್ರಿ 10:20ಕ್ಕೆ ಬಸವಕಲ್ಯಾಣದ ಠಾಣೆಯಲ್ಲಿ ದೂರು ದಾಖಲಾಯಿತು. ಎಫ್‌ಐಆರ್‌ನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ನ್ನೂ, ಆಸ್ತಿಗೆ ಹಾನಿ ಮಾಡಿದ ಕಲಮನ್ನೂ ಹಚ್ಚಲಾಯಿತು. ಆರೋಪಿಯೆಂದು ದೂರುದಾರ ಹೆಸರಿಸಿದ್ದು ಹುಮನಾಬಾದಿನ ಗುರುಶಾಂತನನ್ನು. ಕೇಂದ್ರದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟವನು ಆತನೇ.

"ಅಂವ ಯಾಕ ಮಾಡ್ತಾನ?"

"ಇನ್ನೊಂದು ಹ್ಯಾಚರಿಗೂ ಬರಕೊಡಾಕತ್ತಾನ. ನನ್ನದು ಮುಚ್ಚಲಿ ಅಂತ. ನಾಳೆ ಸಂಜಿಯೊಳಗ ಒಳಗ ಹಾಕಲಿಲ್ಲಂದ್ರ ನಾ ಬೀದರಿಗೆ ಹೋಗ್ತೀನಿ, ಎಸ್ಪಿ ಸಾಹೇಬರ ಕಡೆ."

ಅವನು ಹೋದ ಮೇಲೆ ಹೆಡ್‌ಕಾನ್‌ಸ್ಟೇಬಲ್ ಹಬೀಬ್ ಮೊಟ್ಟೆಯನ್ನು ಲಕೋಟೆಗೆ ಹಾಕುತ್ತ ನಕ್ಕ. "ಟವೆಲಿನಾಗ ಯಾಕ ತಂದ ಗೊತ್ತೇನ್ರಿ ಮೇಡಮ್? ಲಿಂಗ ಕಟ್ಟಿದ ಮಂದಿ. ಅವರ ಮನ್ಯಾಗ ಯಾರೂ ತತ್ತಿ ಮುಟ್ಟಂಗಿಲ್ಲ. ಲಕ್ಷಗಟ್ಟಲೆ ಮರಿ ಮಾಡಸ್ತಾರ, ಒಂದನ್ನೂ ಕೈಯಾಗ ಹಿಡಿಯಂಗಿಲ್ಲ!"

ಮರುದಿನ ಬೆಳಿಗ್ಗೆ 7:40ಕ್ಕೆ ಪಂಚನಾಮೆ ಶುರುವಾಯಿತು. ಯಂತ್ರದ ಕೋಣೆಯೊಳಗೆ ಉಸಿರು ಕಟ್ಟುವ ವಾಸನೆ. ಹದಿನೆಂಟು ದಿನ ತುಂಬಿದ ಮೊಟ್ಟೆಗಳು ತಾವೇ ಕಾವು ಹುಟ್ಟಿಸುತ್ತವೆ. ಆ ಬಿಸಿ ಹೊರಹೋಗದಿದ್ದರೆ ಒಳಗಿನ ಮರಿ ಬೆಂದುಹೋಗುತ್ತದೆ. ಬಿಸಿ ಮೂವತ್ತೆಂಟು ಡಿಗ್ರಿ ದಾಟಿದ ಕೂಡಲೇ ಗಾಳಿಕಿಂಡಿ ತೆರೆದು ಫ್ಯಾನು ತಿರುಗಿಸುವುದು ಕಂಪ್ಯೂಟರಿನ ಕೆಲಸ. ನಿನ್ನೆ ಅದು ಆ ಕೆಲಸ ಮಾಡಿರಲಿಲ್ಲ. ಸಂಜೆ ಐದಕ್ಕೆ ಹೊಲದಿಂದ ಮರಳಿದ ಮಹಾರುದ್ರಪ್ಪ ಫ್ಯಾನಿನ ಸ್ವಿಚ್ಚನ್ನು ಕೈಯಿಂದ ಒತ್ತುವ ಹೊತ್ತಿಗೆ ಒಳಗೆ ನಲವತ್ತೊಂದೂವರೆ ಡಿಗ್ರಿಯಿತ್ತು.

ತೆರೆಯ ನಡುವೆ ಬೂದುಬಣ್ಣದ ಪುಟ್ಟ ಚೌಕವೊಂದು ಇನ್ನೂ ನಿಂತಿತ್ತು. ಅದು ಮೂಡಿದ ಸಮಯ ನಿನ್ನೆ ಬೆಳಿಗ್ಗೆ 11:42. ಅದರೊಳಗೆ ಕನ್ನಡದಲ್ಲಿ ಒಂದೇ ಸಾಲು: "ತತ್ತಿ ಕಣ್ಣಿಗೆ ಹಚ್ಚಿ ನೋಡಿದಿರಾ?" ಕೆಳಗೆ ಎರಡು ಗುಂಡಿ. ಹೌದು. ಇಲ್ಲ.

ಭುವನೇಶ್ವರಿ ಅದನ್ನು ಮೂರು ಸಲ ಓದಿದಳು. ಬೆದರಿಕೆಯಿಲ್ಲ, ಬೈಗುಳವಿಲ್ಲ. ಹನ್ನೆರಡು ಸಾವಿರ ಮರಿಗಳನ್ನು ಕೊಲ್ಲಲು ಹೊರಟವನು ಇಂಥ ಪ್ರಶ್ನೆಯನ್ನೇಕೆ ಕೇಳಿದ?

"ನಿನ್ನೆ ಇಲ್ಲಿ ಯಾರಿದ್ರು?"

"ಎಳ್ಳಮಾಸಿ ದಿನ ಯಾರಿರ್ತಾರ್ರಿ? ಒಬ್ಬರನ್ನೂ ಹಿಂದ ಬಿಡಂಗಿಲ್ಲ, ಅದು ನಮ್ಮಪ್ಪನ ಕಾಲದ ಪದ್ಧತಿ. ಹತ್ತೂವರಿಗೇ ಆಳುಕಾಳು ಎಲ್ಲಾ ಹೊಲದಾಗ, ಪೂಜಿಗೆ, ಊಟಕ್ಕ," ಎಂದ ಮಹಾರುದ್ರಪ್ಪ.

ಅಷ್ಟರಲ್ಲಿ ಅವನ ಮಗಳು ಸ್ನೇಹಲ್ ಚಹಾ ತಂದಳು. ಬಿ.ಎಸ್ಸಿ. ಮುಗಿಸಿದ ಹುಡುಗಿ. ರಾತ್ರಿಯಿಡೀ ಅತ್ತಂತೆ ಕಣ್ಣು ಊದಿದ್ದವು.

"ಅಪ್ಪಾ, ಗುರುಶಾಂತ ಸರ್ ಅಂಥವರಲ್ಲ."

"ನೀ ಗಪ್ಪಿರು. ಅವನ ಕಡೆ ನಾಕು ದಿನ ಕಲಿತೀದಿ ಅಂತ ವಕಾಲತ್ತೇನು?"

ಹುಮನಾಬಾದಿನಲ್ಲಿ ಮಾಣಿಕನಗರದ ಕಡೆಗೆ ಹೋಗುವ ರಸ್ತೆಯ ಒಂದು ಮಳಿಗೆಯೇ ಗುರುಶಾಂತನ ಅಂಗಡಿ. ಹಗಲು ರಿಪೇರಿ, ಸಂಜೆ ಪಾಠ. 11:15ಕ್ಕೆ ಜೀಪು ನಿಂತದ್ದು ಕಂಡು ಅವನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

ಚೌಕದ ಫೋಟೋ ತೋರಿಸಿ ಭುವನೇಶ್ವರಿ ಕೇಳಿದಳು. "ಇದೇನು?"

"ಡೈಲಾಗ್ ಬಾಕ್ಸ್‌ರಿ. ಪ್ರಶ್ನಿ ಕೇಳೋ ಪೆಟ್ಟಿಗಿ. ಆದ್ರ ನಾ ಹಾಕಿದ್ದಲ್ಲ. ಸಾಹುಕಾರ್ರು ಅಂದಿದ್ರು, ಮಂದಿನ್ನ ಕೇಳೋ ಕೆಲಸನೇ ಬ್ಯಾಡ, ತಾನೇ ತೆರಿಬೇಕು, ತಾನೇ ಮುಚ್ಚಬೇಕು ಅಂತ. ಹಾಂಗೇ ಬರದೀನಿ."

"ಇದನ್ನ ಸೇರಸೋದು ಎಷ್ಟು ಕಷ್ಟ?"

"ಕಷ್ಟ ಏನಿಲ್ರಿ. ಸಿದ್ಧ ಲೈಬ್ರರಿ ಇರ್ತಾವ."

"ಲೈಬ್ರರಿ ಅಂದ್ರ? ಪೇಪರ್ ಓದಾಕ ಹೋಗ್ತೀವಲ್ಲ, ಅದಾ?" ಹಬೀಬ್ ಬಾಯಿ ಹಾಕಿದ.

"ಅದಲ್ರಿ ಸಾಬ್. ಬ್ಯಾರೆದವರು ಮೊದಲೇ ಬರದಿಟ್ಟ ಕೆಲಸದ ಗಂಟು. ಅದನ್ನ ಕರದು ಮೂರು ಸಾಲು ಬರದ್ರ ಪೆಟ್ಟಿಗಿ ಮೂಡ್ತದ. ನಾ ಕಲಸೋ ಮೊದಲನೇ ಪಾಠನೇ ಅದು. ಆದ್ರ ಒಂದು ಮಾತು ಎಲ್ಲರಿಗೂ ಹೇಳ್ತೀನಿ. ಪೆಟ್ಟಿಗಿ ಬಂತಂದ್ರ ಪ್ರೋಗ್ರಾಂ ಅಲ್ಲೇ ನಿಲ್ತದ. ಉತ್ತರ ಕೊಡೋತನಕ ಒಂದು ಹೆಜ್ಜಿ ಮುಂದ ಹೋಗಂಗಿಲ್ಲ."

"ಕಣ್ಣಿಗೆ ಹಚ್ಚೋದು ಅಂದ್ರೇನು?"

"ಖರೇ ಹೇಳ್ತೀನ್ರಿ, ನನಗೂ ತಿಳಿದಿಲ್ಲ."

ಕೇಂದ್ರದಿಂದ ನಕಲು ಮಾಡಿ ತಂದಿದ್ದ ಪ್ರೋಗ್ರಾಂ ಕಡತ ಕೊನೆಗೆ ಬದಲಾದ ಸಮಯವನ್ನು ಅವನೇ ತೆಗೆದು ತೋರಿಸಿದ. ಡಿಸೆಂಬರ್ 23, ಸೋಮವಾರ, ಮಧ್ಯಾಹ್ನ 1:10, ರಾಜೇಶ್ವರದ ಕಂಪ್ಯೂಟರಿನಿಂದಲೇ. ಆ ದಿನಾಂಕ ನೋಡುತ್ತಲೇ ಅವನು ಎದ್ದು ಕಪಾಟಿನಿಂದ ಹಾಳೆಯೊಂದನ್ನು ತೆಗೆದ. ಅಂದು ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಅವನು ಬೀದರಿನಲ್ಲಿದ್ದ. ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಶಿಕ್ಷಕನ ಹುದ್ದೆಗೆ ದಾಖಲೆ ತೋರಿಸಲು.

"ಪೊಲೀಸ್ ಪರಿಶೀಲನೆ ಒಂದೇ ಉಳದದ್ರಿ ಮೇಡಮ್. ಎಫ್‌ಐಆರ್‌ನಾಗ ನನ್ನ ಹೆಸರು ಉಳೀತಂದ್ರ ಆರು ವರ್ಷ ಓದಿದ್ದು ನೀರಾಗ ಹೋತು."

ಜೀಪಿನಲ್ಲಿ ಹಬೀಬ್ ಹೇಳಿದ, "ಹುಡುಗ ಸುಳ್ಳ ಹೇಳಾಕತ್ತಿಲ್ಲ."

"ಹೇಳಾಕತ್ತಿಲ್ಲ ಅಂತ ಬರದ್ರ ಸಾಲಂಗಿಲ್ಲ. ಬ್ಯಾರೆ ಹೆಸರು ಬೇಕು."

ಬೀದರಿಗೆ ಫೋನು ಹಚ್ಚಿ ಹಾಳೆಯ ಮೇಲಿದ್ದ ಹಾಜರಿ ಸಹಿಯನ್ನು ಖಚಿತಪಡಿಸಿಕೊಂಡದ್ದು 1:50ಕ್ಕೆ. ಯಂತ್ರದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಸೋನುಬಾಯಿಯ ಮನೆಯಂಗಳಕ್ಕೆ ಅವರು ಬಂದದ್ದು 2:30ಕ್ಕೆ.

"ಅಮ್ಮಾ, ತತ್ತಿ ಕಣ್ಣಿಗೆ ಹಚ್ಚೋದು ಹ್ಯಾಂಗ?"

ಮುದುಕಿ ಬುಟ್ಟಿಯಲ್ಲಿ ಕಾವು ಕೂತ ಹೇಂಟೆಯ ಕೆಳಗಿಂದ ಮೊಟ್ಟೆಯೊಂದನ್ನು ತೆಗೆದಳು.

"ಕಣ್ಣ ಮುಚ್ರಿ ತಾಯಿ."

ಮುಚ್ಚಿದ ರೆಪ್ಪೆಯ ಮೇಲೆ ಬೆಚ್ಚನೆಯ ಚಿಪ್ಪು ಬಂದು ಕೂತಿತು. ಭುವನೇಶ್ವರಿಗೆ ತಾನೊಂದು ಪ್ರಕರಣದ ನಡುವೆ ಇದ್ದೇನೆಂಬುದೇ ಅರೆಗಳಿಗೆ ಮರೆಯಿತು.

"ಕೈ ಸುಳ್ಳ ಹೇಳ್ತದ್ರಿ, ದಿನಾ ಒಲಿ ಹಿಡಿಯೋ ಕೈ. ರೆಪ್ಪಿ ಹೇಳಂಗಿಲ್ಲ. ಸುಡ್ತು ಅಂದ್ರ ಕಿಂಡಿ ತೆರೀಬೇಕು. ಕಂಪ್ಯೂಟರ್ ಬರೂಕಿಂತ ಮೊದಲ ಹೀಂಗೇ ಮಾಡ್ತಿದ್ದೆ."

"ಕಂಪ್ಯೂಟರಿನಾಗ ಪೆಟ್ಟಿಗಿ ಬರೋದು ನಿನಗ ಗೊತ್ತಿತ್ತೇನು?"

"ವಾರದಿಂದ ಬರಾಕತ್ತಿತ್ತು. ಬಂದಾಗ ತತ್ತಿ ನೋಡಿ ಈ ಕಡೆ ಗುಂಡಿ ಒತ್ತು ಅಂತ ಹೇಳಿದ್ರು. ನನಗ ಅಕ್ಷರ ಬರಂಗಿಲ್ಲ."

"ಹೇಳಿದವರು ಯಾರು?"

ಸೋನುಬಾಯಿ ಮೊಟ್ಟೆಯನ್ನು ಹೇಂಟೆಯ ಕೆಳಗೆ ಮರಳಿ ಇಟ್ಟಳು. ಸೆರಗು ಸರಿಮಾಡಿಕೊಂಡಳು. ಎರಡೂ ಕೈ ಜೋಡಿಸಿ ಮುಂದೆ ಚಾಚಿದಳು.

"ನನ್ನನ್ನೇ ಒಯ್ರಿ. ನಾನೇ ಮಾಡೀನಿ ಅಂತ ಬರಕೋರಿ."

"ಅಕ್ಷರ ಬರಲಾರದಾಕಿ ಹ್ಯಾಂಗ ಮಾಡ್ತಿ?"

"ಅದನ್ನ ನೀವೇ ಬರಕೋರಿ. ನಿಮಗ ಬರತದಲ್ಲ."

ಹಬೀಬನಿಗೂ ನಗು ಬರಲಿಲ್ಲ.

ಮಹಾರುದ್ರಪ್ಪನ ಮನೆಯ ಪಡಸಾಲೆ, 4:50.

"ಕಡತ ತೆರೆಯೋ ಪಾಸ್‌ವರ್ಡ್ ಯಾರ್‍ಯಾರಿಗೆ ಗೊತ್ತದ?"

"ನನಗ, ಮತ್ತ ಆ ಗುರುಶಾಂತಗ. ಇಬ್ಬರಿಗೇ."

"ಇಪ್ಪತ್ತಮೂರಕ್ಕ ಗುರುಶಾಂತ ಬೀದರಿನಾಗಿದ್ದ. ಸಹಿ ಅದ. ನೀವು?"

"ಬಸವಕಲ್ಯಾಣದಾಗ, ಬೀಗರ ಮನಿ ತೊಟ್ಟಲ ಕಾರ್ಯ. ನೂರು ಮಂದಿ ನೋಡ್ಯಾರ." ಅವನ ದನಿ ಏರಿತು. "ಏನ್ರಿ, ನಂದೇ ತತ್ತಿ ನಾನೇ ಕೊಂದೆ ಅಂತೀರೇನು?"

ಭುವನೇಶ್ವರಿ ಕಡತದ ನಕಲಿದ್ದ ಠಾಣೆಯ ಲ್ಯಾಪ್‌ಟಾಪನ್ನು ಅವನ ಮುಂದೆ ಸರಿಸಿದಳು. "ನಿಮ್ಮ ಪಾಸ್‌ವರ್ಡ್ ಹಾಕ್ರಿ. ನಾ ಆ ಕಡೆ ನೋಡ್ತೀನಿ."

ಕೀಲಿಗಳ ಮೇಲೆ ಬೆರಳು ಅಲೆದಾಡಿತು. ಒಂದು ಅಕ್ಷರ ಸಿಕ್ಕಿತು, ಎರಡನೆಯದು ಸಿಗಲಿಲ್ಲ.

"ನನಗ ಇದು... ಒತ್ತಾಕ ಬರಂಗಿಲ್ರಿ."

"ಮತ್ತ ದಿನಾ ಯಾರು ಒತ್ತಿ ಕೊಡ್ತಾರ?"

ಮಹಾರುದ್ರಪ್ಪ ನಿಧಾನವಾಗಿ ಒಳಮನೆಯ ಬಾಗಿಲ ಕಡೆಗೆ ತಿರುಗಿದ. ಅಲ್ಲಿ ಪರದೆ ಅಲುಗಿತು.

ಹೇಳಿಕೆಯನ್ನು 5:05ಕ್ಕೆ ಬರೆದುಕೊಳ್ಳಲಾಯಿತು. ತನಿಖಾಧಿಕಾರಿ ಒಂದು ಪದವನ್ನೂ ತಿದ್ದಲಿಲ್ಲ.

"ಜನೇವರಿ ಒಂದರಿಂದ ಸೋನುಬಾಯಿ ಬ್ಯಾಡ ಅಂತ ಮನ್ಯಾಗ ಮಾತಾಗಿತ್ತು. ಅವ್ವ ತೀರಿದ ಮ್ಯಾಲ ಆಕಿ ತೊಡಿ ಮ್ಯಾಲೇ ನಾ ಬೆಳೆದದ್ದು. ಯಾರಿಗೂ ಕಾಣಲಾರದಾಂಗ ತತ್ತಿ ಕಣ್ಣಿಗೆ ಹಚ್ಚೋದು ಕಲಿಸಿದಾಕಿ. ಎಲ್ಲಾ ಕಂಪ್ಯೂಟರಿಗೇ ಗೊತ್ತಂದ್ರ ಆಕಿನ್ನ ಯಾರು ಕೇಳ್ತಾರ? ಅದಕ್ಕ ಕಂಪ್ಯೂಟರೇ ಆಕಿನ್ನ ಕೇಳಲಿ ಅಂತ ಆ ಮೂರು ಸಾಲು ಸೇರಿಸಿದೆ. ಅಮಾಸಿ ದಿನ ಆಕಿ ಹೊಲಕ್ಕ ಬರಾಕ ಒಲ್ಲೆ ಅಂದ್ಲು. ನಾನೇ ಕೈ ಹಿಡಿದು ಕರಕೊಂಡು ಹೋದೆ. ಎಲಿ ಹಾಕಿ ಭಜ್ಜಿ ಬಡಿಸಿದೆ. ಆ ಹೊತ್ತಿನಾಗ ಪೆಟ್ಟಿಗಿ ನನಗ ನೆನಪೇ ಆಗಲಿಲ್ಲ. ಗುರುಶಾಂತ ಸರ್ ಹೆಸರು ತೆಗೀರಿ."

ಹೊಲದಲ್ಲಿ ಎಲೆಯ ಮುಂದೆ ಕೂತ ಮುದುಕಿ, ಕೋಣೆಯಲ್ಲಿ ಅವಳಿಗಾಗಿ ಕಾದು ನಿಂತ ಪ್ರಶ್ನೆ. ಈ ಪ್ರಕರಣದ ಡೈರಿಯಲ್ಲಿ ಕೃತ್ಯದ ಕಾರಣಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಏನು ಬರೆಯುವುದೆಂದು ಭುವನೇಶ್ವರಿಗೆ ತೋಚಲಿಲ್ಲ. ಖಾಲಿ ಬಿಟ್ಟಳು. ಗುರುಶಾಂತನನ್ನು ಆರೋಪದಿಂದ ಕೈಬಿಡುವ ವರದಿಯನ್ನು ನ್ಯಾಯಾಲಯಕ್ಕೆ ಮೊದಲು ಬರೆದಳು.

ಬಂಧನ ಮಹಿಳಾ ಪೇದೆಯ ಸಮ್ಮುಖದಲ್ಲಿ, 5:35ಕ್ಕೆ. ಸೂರ್ಯಾಸ್ತಕ್ಕೆ ಇನ್ನೂ ಕೆಲವು ನಿಮಿಷಗಳಿದ್ದವು. ಕಾನೂನು ಅದನ್ನೂ ನೋಡುತ್ತದೆ. ಬಂಧನದ ಮಾಹಿತಿ ತಲುಪಿತೆಂದು ಹತ್ತಿರದ ಸಂಬಂಧಿಕರು ಸಹಿ ಮಾಡುವ ಜಾಗದಲ್ಲಿ ದೂರುದಾರನೇ ಸಹಿ ಹಾಕಬೇಕಾಯಿತು. ಸಹಿ ಹಾಕುವ ಮುನ್ನ ಮಹಾರುದ್ರಪ್ಪ ಮೇಲಿನ ಸಾಲನ್ನು ಬೆರಳಿಟ್ಟು ಓದಿದ.

ಆರೋಪಿ: ಸ್ನೇಹಲ್, ತಂದೆ ಮಹಾರುದ್ರಪ್ಪ.